ಕಿವಿಯಲ್ಲೊಬ್ಬ ಸಿಇಒ

ಈ ಜಾತಿಯವರನ್ನು ಗುರುತಿಸುವುದು ಸುಲಭ. ವಯಸ್ಸು ಅರವತ್ತರ ಆಚೆ. ಒಂದು ಕಿವಿಯಲ್ಲಿ ಇಯರ್‌ಫೋನ್. ಇನ್ನೊಂದು ಕಿವಿ ಕುಕ್ಕರಿನ ವಿಷಲ್ಲಿಗೆ ಮೀಸಲು. ಪಾರ್ಕಿನಲ್ಲಿ ನಡೆಯುತ್ತಿದ್ದವರು ಇದ್ದಕ್ಕಿದ್ದಂತೆ ನಿಂತು "ಥೂ, ನಿನಗೆ ಬುದ್ಧಿ ಯಾವಾಗ ಬರತ್ತೇ?" ಎಂದರೆ ನೀವು ಗಾಬರಿಯಾಗಬೇಕಿಲ್ಲ. ಬೈಸಿಕೊಂಡವಳು ಮೊಬೈಲ್ ಆ್ಯಪಿನ ಆಡಿಯೋ ಪ್ರೇಮಕಥೆಯೊಂದರ ಹದಿನೇಳನೇ ಕಂತಿನಲ್ಲಿದ್ದಾಳೆ. ವಿಚಾರಿಸಿದರೆ "ಏನೋ, ಹೊತ್ತು ಹೋಗಲಿ ಅಂತ ಕೇಳ್ತೀನಪ್ಪ" ಎನ್ನುತ್ತಾರೆ. ನಂಬಬೇಡಿ. ಹೊತ್ತು ಕಳೆಯಲು ಕೇಳುವವರಿಗೆ ನಾಯಕನ ಸೋದರಮಾವ ಯಾವ ಊರಿನಲ್ಲಿ ಎಷ್ಟು ಎಕರೆ ಅಡಕೆ ತೋಟ ಇಟ್ಟಿದ್ದಾನೆ ಎಂಬುದು ನೆನಪಿರುವುದಿಲ್ಲ.

ನಮ್ಮ ವಂಶದಲ್ಲಿ ಈ ಜಾತಿಗೆ ಸೇರಿದವರು ಮೈಸೂರಿನ ದೊಡ್ಡಮ್ಮ. ಟೆಲಿಫೋನ್ ಇಲಾಖೆಯಲ್ಲಿ ಆಪರೇಟರ್ ಆಗಿ, ಬೆಂಗಳೂರಿನಲ್ಲಿ ಟ್ರಂಕ್ ಬೋರ್ಡಿನ ಮುಂದೆ ಹೆಡ್‌ಸೆಟ್ ಸಿಕ್ಕಿಸಿಕೊಂಡೇ ಯೌವನ ಕಳೆದವರು. ಎಸ್‌ಟಿಡಿ ಬಂತು, ಬೋರ್ಡು ಮೂಲೆ ಸೇರಿತು, ದೊಡ್ಡಮ್ಮ ಬಿಲ್ಲಿಂಗ್ ಸೆಕ್ಷನ್ನಿಗೆ ಹೋಗಿ ಅಲ್ಲಿಂದ ನಿವೃತ್ತರೂ ಆದರು. ಕಿವಿ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ. ಪ್ರೇಮಿಗಳು ಹೇಗೆ ಮಾತಾಡುತ್ತಾರೆಂದು ಕಾದಂಬರಿಕಾರರು ಊಹಿಸಿಕೊಂಡು ಬರೆಯುತ್ತಾರೆ; ದೊಡ್ಡಮ್ಮ ಲೈನಿನಲ್ಲೇ ಕೇಳಿದವರು. ಕೇಳಬಾರದೆಂದು ರೂಲ್ಸ್ ಇತ್ತಲ್ಲ ಎಂದರೆ "ಲೈನ್ ಸರಿ ಇದೆಯೋ ಇಲ್ವೋ ನೋಡೋದು ಬೇಡ್ವೇನೋ?" ಎಂಬ ಉತ್ತರ ಸಿದ್ಧವಾಗಿದೆ.

ಅವರು ಹೇಳುವ ಪ್ರಕಾರ ನಿಜವಾದ ಪ್ರೇಮಿಗಳು "ಊಟ ಆಯ್ತಾ?" ಎನ್ನುತ್ತಾರೆ, "ಮನಿಯಾರ್ಡರ್ ಬಂತಾ?" ಎನ್ನುತ್ತಾರೆ, ಉಳಿದ ಹೊತ್ತೆಲ್ಲ "ಹಲೋ, ಕೇಳಿಸ್ತಾ ಇದೆಯಾ?" ಎಂದು ಕೂಗುತ್ತಾರೆ. ಟ್ರಂಕ್ ಕಾಲಿನ ಲೆಕ್ಕ ಮೂರು ನಿಮಿಷಕ್ಕೊಂದು. ಮೂರು ನಿಮಿಷ ಮುಗಿಯಿತು, ಮುಂದುವರಿಸಲಾ ಎಂದು ಆಪರೇಟರ್ ಕೇಳಿದ ಕೂಡಲೇ ಆಡಬೇಕಾಗಿದ್ದ ಒಂದೇ ಒಂದು ಮಾತು ಬಾಯಿಗೆ ಬರುತ್ತಿತ್ತಂತೆ. ಈಗಿನ ಆಡಿಯೋ ನಾಯಕ ಕಿಟಕಿಯ ಹತ್ತಿರ ನಿಂತು ಮಳೆ ನೋಡುತ್ತ "ಹೇಗೆ ಹೇಳಲಿ... ಹೇಗೆ ಹೇಳಲಿ..." ಎಂದು ಇಡೀ ಕಂತು ಎಳೆದರೆ, ಅಡುಗೆಮನೆಯಿಂದ "ಥ್ರೀ ಮಿನಿಟ್ಸ್ ಓವರ್!" ಎಂಬ ಕೂಗು ಹಾಲಿನವರೆಗೂ ಕೇಳುತ್ತದೆ. ಅದೇ ಕಾರಣಕ್ಕೆ ದೊಡ್ಡಮ್ಮ ಎಲ್ಲವನ್ನೂ ಒಂದೂವರೆ ಪಟ್ಟು ವೇಗದಲ್ಲಿ ಕೇಳುವುದು. ಇದರ ಅಡ್ಡಪರಿಣಾಮವೆಂದರೆ ಎದುರಿಗೆ ಕೂತು ಮಾತಾಡುವ ಮನುಷ್ಯರು ಅವರಿಗೆ ಸಹಿಸಲಾಗದಷ್ಟು ನಿಧಾನವಾಗಿ ಕಾಣುತ್ತಾರೆ. ನಾನು ಮನೆ ಸಾಲದ ಕಷ್ಟ ತೋಡಿಕೊಳ್ಳುವಾಗ ಅವರ ಹೆಬ್ಬೆರಳು ಗಾಳಿಯಲ್ಲಿ ಏನನ್ನೋ ಒತ್ತುತ್ತಿರುತ್ತದೆ.

ಪ್ರೇಮಶಾಸ್ತ್ರದಲ್ಲಿ ಅವರಿಗೆ ಎರಡು ಗುರುಕುಲ. ಒಂದು, ನೈಟ್ ಡ್ಯೂಟಿ. ಜೊತೆಯಲ್ಲಿದ್ದ ಆಂಗ್ಲೋ-ಇಂಡಿಯನ್ ಸಹೋದ್ಯೋಗಿಯ ಕೈಚೀಲದಲ್ಲಿ ಸದಾ ಒಂದು ಮಿಲ್ಸ್ ಅಂಡ್ ಬೂನ್ ಇರುತ್ತಿತ್ತು. 1908ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಆ ಪ್ರಕಾಶನದ ಸರಕು ಬೋರ್ಡಿನ ಕೆಳಗೆ ಕೈಯಿಂದ ಕೈಗೆ ದಾಟುತ್ತಿತ್ತು. ಎರಡನೆಯದು ಬೀದಿ ಕೊನೆಯ ಸರ್ಕ್ಯುಲೇಟಿಂಗ್ ಲೈಬ್ರರಿ. ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ, ಉಷಾ ನವರತ್ನರಾಂ, ಸಾಯಿಸುತೆ ಎಲ್ಲರೂ ಕಂದು ರಟ್ಟು ಹೊದ್ದು, ಬೆನ್ನಿಗೆ ನಂಬರ್ ಬರೆಸಿಕೊಂಡು ಕಾಯುತ್ತಿದ್ದ ಜಾಗ. ಈಗ ಮೊಬೈಲಿನಲ್ಲಿ ನಕ್ಷತ್ರ ಕೊಡುತ್ತಾರಲ್ಲ, ಆಗ ಅದನ್ನು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಮಾಡುತ್ತಿದ್ದರು. ಒಂದು ಕಾದಂಬರಿಯ ಮೊದಲ ಪುಟದಲ್ಲೇ ಯಾರೋ ಪುಣ್ಯಾತ್ಮರು "ಇವಳು ಕೊನೆಗೆ ಸಾಯುತ್ತಾಳೆ, ಓದಬೇಡಿ" ಎಂದು ಬರೆದಿದ್ದರಂತೆ. ಅದರ ಕೆಳಗೆ ಇನ್ನೊಂದು ಅಕ್ಷರದಲ್ಲಿ "ಗೊತ್ತಾಯಿತು, ಆದರೂ ಓದುತ್ತೇನೆ". ಆ ಎರಡನೆಯ ಅಕ್ಷರ ಯಾರದೆಂದು ದೊಡ್ಡಮ್ಮ ಹೇಳುವುದಿಲ್ಲ. ಆದರೆ ಲೈಬ್ರರಿಯವನು ಐವತ್ತು ಪೈಸೆ ದಂಡ ಹಾಕಿದ್ದನ್ನು ಮಾತ್ರ ಇಂದಿಗೂ ಕ್ಷಮಿಸಿಲ್ಲ.

ಇಂಥ ಹಿನ್ನೆಲೆಯವರ ಮುಂದೆ ಇವತ್ತಿನ ಆ್ಯಪಿನ ನಾಯಕ ಬಂದು ನಿಂತರೆ ಅವನ ಗತಿ ಏನಾಗಬೇಕು?

ನಾಯಕನಿಗೆ ಇಪ್ಪತ್ತೆಂಟು ವರ್ಷ. ಯಾವುದೋ ಗ್ರೂಪ್ ಆಫ್ ಕಂಪನೀಸ್‌ನ ಸಿಇಒ. ಕೋಪಿಷ್ಠ. ನಗುವುದಿಲ್ಲ. ಕಪ್ಪು ಕಾರಿನಿಂದ ಇಳಿಯುತ್ತಾನೆ, ಕಪ್ಪು ಕಾರಿಗೆ ಹತ್ತುತ್ತಾನೆ, ನಡುವೆ ನಾಯಕಿ ಕಾಲು ಜಾರಿ ಬಿದ್ದರೆ ಹಿಡಿಯುತ್ತಾನೆ. "ಇವನು ಆಫೀಸಿಗೆ ಹೋಗಿ ಏನು ಮಾಡ್ತಾನೋ? ಮುನ್ನೂರು ಕಂತಾಯ್ತು, ಒಂದು ಫೈಲಿಗೆ ಸಹಿ ಹಾಕಿಲ್ಲ. ಜಿಎಸ್‌ಟಿ ರಿಟರ್ನ್ ಯಾರು ಕಟ್ತಾರೆ?" ಇದು ದೊಡ್ಡಮ್ಮನ ಮೊದಲ ಆಕ್ಷೇಪ. ಎರಡನೆಯದು ಇನ್ನೂ ಗಂಭೀರ: ಇವನು ಹೊಸಬನೇ ಅಲ್ಲ. "ಇವನನ್ನ ನಾನು ಎಕ್ಸ್‌ಚೇಂಜಿನಲ್ಲೇ ನೋಡಿದೀನಿ. ಆಗ ಗ್ರೀಕ್ ಹಡಗಿನ ಮಾಲೀಕ ಆಗಿದ್ದ. ಈಗ ವೈಟ್‌ಫೀಲ್ಡಿಗೆ ಬಂದಿದಾನೆ, ಅಷ್ಟೇ." ವಿಮರ್ಶಕರು ಪುಟಗಟ್ಟಲೆ ಬರೆದು ಹೇಳಬಹುದಾದದ್ದನ್ನು ಇಷ್ಟರಲ್ಲಿ ಮುಗಿಸಿದ್ದಕ್ಕೆ ನನಗೆ ದೊಡ್ಡಮ್ಮನ ಮೇಲೆ ಗೌರವ ಹೆಚ್ಚಿತು.

ಅವರ ಕಾಲದ ನಾಯಕ ಡಾಕ್ಟರ್. ಉಷಾ ನವರತ್ನರಾಂ ಅವರ 'ಬಂಧನ' 1984ರಲ್ಲಿ ಸಿನಿಮಾ ಆಗಿ ವಿಷ್ಣುವರ್ಧನ್ ಡಾ. ಹರೀಶ್ ಆದ ಮೇಲಂತೂ, ಸ್ಟೆತಸ್ಕೋಪ್ ಇಲ್ಲದವನು ಪ್ರೀತಿಸುವ ಅರ್ಹತೆಯನ್ನೇ ಕಳೆದುಕೊಂಡ. "ಡಾಕ್ಟರ್ ಅಂದ್ರೆ ಅವನಿಗೆ ಕೆಲಸ ಇತ್ತು ಕಣೋ. ಎಮರ್ಜೆನ್ಸಿ ಬರ್ತಿತ್ತು, ಎದ್ದು ಹೋಗ್ತಿದ್ದ. ಪ್ರೀತಿಗೆ ಅಡ್ಡಿ ತಾನಾಗೇ ಸಿಗ್ತಿತ್ತು." ದೊಡ್ಡಪ್ಪ ಅಕೌಂಟ್ಸ್‌ನಲ್ಲಿದ್ದವರು. ಈ ಮಾತು ನಡೆಯುವಾಗ ಪೇಪರ್ ಸ್ವಲ್ಪ ಮೇಲಕ್ಕೆತ್ತುತ್ತಾರೆ.

ಆ್ಯಪಿನ ಕಥೆಗಳಲ್ಲಿ ದೊಡ್ಡಮ್ಮನಿಗೆ ಅತ್ಯಂತ ನಗು ತರಿಸುವುದು 'ಕಾಂಟ್ರ್ಯಾಕ್ಟ್ ಮ್ಯಾರೇಜ್'. ಸಿಇಒಗೆ ಅಜ್ಜಿಯ ಆಸ್ತಿ ಬೇಕು, ನಾಯಕಿಗೆ ತಂದೆಯ ಆಪರೇಷನ್ನಿಗೆ ದುಡ್ಡು ಬೇಕು. ಒಂದು ವರ್ಷಕ್ಕೆ ಮದುವೆ, ಪ್ರೀತಿ ಗೀತಿ ಇರಕೂಡದು ಎಂದು ಬಾಂಡ್ ಪೇಪರಿನಲ್ಲಿ ಷರತ್ತು. ಗುರುತಿಲ್ಲದ ಇಬ್ಬರು ಒಂದೇ ಮನೆಯಲ್ಲಿ ಇರಬೇಕಾಗಿ ಬಂದು, ನಿಧಾನವಾಗಿ ಮನಸ್ಸು ಕರಗುವುದು ಕಥೆ. "ಇದರಲ್ಲಿ ವಿಶೇಷ ಏನಪ್ಪ? ನಮಗೆಲ್ಲ ಆಗಿದ್ದು ಇದೇ. ಲಗ್ನಪತ್ರಿಕೆ ಅಂತ ಅಚ್ಚು ಹಾಕಿಸ್ತಿದ್ರು. ಒಂದು ವರ್ಷ ಅಂತ ಮಾತ್ರ ಬರೆಸಿರಲಿಲ್ಲ." ಒಮ್ಮೆ ಹುಮ್ಮಸ್ಸಿನಲ್ಲಿ ದೊಡ್ಡಪ್ಪನನ್ನೇ ಕೇಳಿದರು: "ನೀವು ಯಾವತ್ತಾದ್ರೂ ನನ್ನ ಕಣ್ಣಲ್ಲಿ ಮುಳುಗಿ ಹೋಗಿದ್ರಾ?" ದೊಡ್ಡಪ್ಪ ಪೇಪರ್ ಕೆಳಗಿಳಿಸದೆ "ನನಗೆ ಈಜು ಬರಲ್ಲವಲ್ಲ" ಎಂದರು.

ಶೃಂಗಾರದ ಬಗ್ಗೆಯೂ ಅವರಿಗೆ ಖಚಿತ ನಿಲುವಿದೆ. "ನಮ್ಮ ಕಾದಂಬರಿಗಳಲ್ಲಿ ಅಧ್ಯಾಯದ ಕೊನೆಗೆ ದೀಪ ಆರ್ತಿತ್ತು. ಮುಂದಿನ ಅಧ್ಯಾಯದಲ್ಲಿ ಮಾವಿನಕಾಯಿ. ಮಧ್ಯದ್ದು ಓದುಗರ ಜವಾಬ್ದಾರಿ. ಇವರದ್ದು ದೀಪ ಆರೋದೇ ಇಲ್ಲ." ಅಂಥ ಭಾಗಗಳನ್ನು ಮುಂದಕ್ಕೆ ಓಡಿಸಿಬಿಡುತ್ತಾರಂತೆ. ಆದರೂ ಯಾವ ಕಥೆಯಲ್ಲಿ ಅದು ಎಷ್ಟು ನಿಮಿಷ ಇದೆ, ಎಲ್ಲಿ ಅತಿಯಾಯಿತು ಎಂಬ ವಿವರ ಅವರಲ್ಲಿ ಹೇಗೆ ಲಭ್ಯವಿದೆಯೋ, ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ.

ಒಂದು ಜನವರಿಯಲ್ಲಿ ಅವರು ಕೇಳುವ ಪರಿಯನ್ನು ಹತ್ತಿರದಿಂದ ನೋಡುವ ಭಾಗ್ಯ ನನ್ನದಾಯಿತು. ಅವರೆಕಾಯಿ ಕಾಲ. ನೆನೆಸಿದ ಕಾಳು ಪಾತ್ರೆಯ ತುಂಬ. ದೊಡ್ಡಮ್ಮ ಕಾಲು ಚಾಚಿ ಕೂತು ಹಿತಕುತ್ತಿದ್ದಾರೆ. ಫೋನು ಉಪ್ಪಿನ ಡಬ್ಬಕ್ಕೆ ಒರಗಿದೆ. ನಾಯಕ-ನಾಯಕಿ ಕಾಫಿ ಕುಡಿಯುವಷ್ಟು ಹೊತ್ತು ಬೇಳೆಗಳು ಒಂದೊಂದಾಗಿ ಶಿಸ್ತಿನಿಂದ ಬಟ್ಟಲಿಗೆ ಬೀಳುತ್ತಿದ್ದವು. ನಾಯಕನ ಹಳೆಯ ಗೆಳತಿ ವಿದೇಶದಿಂದ ಬಂದಿಳಿದಳು. ಒಂದು ಬೇಳೆ ಚಿಮ್ಮಿ ಫ್ರಿಜ್ಜಿಗೆ ತಗುಲಿತು. ನಾಯಕಿ ವಿಷಯ ಕೇಳದೆ, ವಿಚಾರಿಸದೆ, ಅಳುತ್ತ ಮನೆ ಬಿಟ್ಟು ಹೊರಟಳು. ಎರಡು ಬೇಳೆ ಒಟ್ಟಿಗೆ ಹಾರಿ ನನ್ನ ಕನ್ನಡಕಕ್ಕೆ ಬಡಿದವು. "ಕೇಳೇ ಒಂದ್ ಮಾತು ಕೇಳೇ! ಬಾಯಲ್ಲಿ ಏನ್ ಅವರೆಕಾಳ್ ಇಟ್ಕೊಂಡಿದೀಯಾ?" ಅಷ್ಟರಲ್ಲಿ ಬಾಗಿಲ ಬೆಲ್ ಸದ್ದು, ಸಂಗೀತ, ಕಂತು ಮುಕ್ತಾಯ. ಮುಂದಿನದು ಬೇಕಿದ್ದರೆ ನಾಣ್ಯ ಕೊಡಬೇಕು, ಇಲ್ಲವೇ ನಾಳೆಯವರೆಗೆ ಕಾಯಬೇಕು. ದೊಡ್ಡಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನನ್ನು ದಿಟ್ಟಿಸಿದರು. "ನಾವು ಸರ್ಕಾರದವರು, ಆದ್ರೂ ಮೊದಲೇ ಹೇಳಿ ಲೈನ್ ಕಟ್ ಮಾಡ್ತಿದ್ವಿ" ಎಂದರು. ಆಮೇಲೆ ನಾಣ್ಯ ಕೊಂಡರು. ಎಷ್ಟಕ್ಕೆ ಎಂದು ದೊಡ್ಡಪ್ಪನಿಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ.

ಕಥೆಯ ತಪ್ಪನ್ನಾದರೂ ಕ್ಷಮಿಸಿಯಾರು. ಓದುವ ದನಿಯ ತಪ್ಪನ್ನು ಇಲ್ಲ. ಇಲ್ಲಿ ಅವರು ಓದುಗರಲ್ಲ, ಇಲಾಖೆಯ ಸೂಪರ್‌ವೈಸರ್. ಪ್ರೇಮ ಕಾದಂಬರಿ ಓದಲು ಕೂತವನು "ರುದಯ" ಎಂದರೆ ಅಲ್ಲಿಗೆ ಅವನ ಕಥೆ ಮುಗಿಯಿತು. ಹೆಣ್ಣುಮಗಳೊಬ್ಬಳು ನಾಯಕನ ಮಾತು ಬಂದಾಗ ದನಿ ದಪ್ಪ ಮಾಡಿದರೆ "ಇವನಿಗೆ ನೆಗಡಿ, ಇವಳಿಗೂ ಅಂಟತ್ತೆ" ಎಂದು ಭವಿಷ್ಯ ಹೇಳುತ್ತಾರೆ. ಗದ್ಗದ ದನಿಯಲ್ಲಿ ಶುರುಮಾಡಿ ಗದ್ಗದದಲ್ಲೇ ಮುಗಿಸುವವರ ಬಗ್ಗೆ: "ಇವಳಿಗೆ ಮೊದಲೇ ಕೊನೆ ಗೊತ್ತಾಗಿಬಿಟ್ಟಿದೆ." ಈಚೆಗೆ ಮನುಷ್ಯರ ಬದಲು ಕಂಪ್ಯೂಟರೇ ಓದುವ ಕಥೆಗಳೂ ಬರುತ್ತಿವೆಯಲ್ಲ, ಅವು ದೊಡ್ಡಮ್ಮನ ಪಾಲಿಗೆ ವೈಯಕ್ತಿಕ ಅವಮಾನ. "ನಿನ್ನ ಬಿಟ್ಟು ಬದುಕಲಾರೆ" ಎಂಬ ಮಾತನ್ನು ಅದು ಮೆಜೆಸ್ಟಿಕ್ಕಿನಲ್ಲಿ ರೈಲು ತಡವಾಗಿದೆ ಎಂದು ಸಾರುವ ಹಾಗೆ ಹೇಳಿತಂತೆ. ಅನನುಕೂಲಕ್ಕೆ ವಿಷಾದಿಸುತ್ತೇವೆ ಎಂಬುದೊಂದು ಬಾಕಿ. ಚೆನ್ನಾಗಿ ಓದುವವರು ಸಿಕ್ಕರೆ ಅಷ್ಟೇ ಉದಾರಿ. ಕಥೆ ಹೇಗಿದ್ದರೂ ಆ ದನಿಯ ಬೆನ್ನು ಹತ್ತಿ ಹೋಗುತ್ತಾರೆ. ಹೀಗೆ ಒಮ್ಮೆ ಪ್ರೇಮ ಕಾದಂಬರಿಯಿಂದ ಹೊರಟು ಸಕ್ಕರೆ ಕಾಯಿಲೆಯ ಪಥ್ಯದ ಪುಸ್ತಕಕ್ಕೆ ತಲುಪಿದ್ದರು. ದನಿ ಚೆನ್ನಾಗಿತ್ತು, ಪಥ್ಯ ಮಾಡಲಿಲ್ಲ.

ನ್ಯೂಜೆರ್ಸಿಯ ಮಗಳು ಅಮ್ಮನಿಗೆ ಇಂಗ್ಲಿಷ್ ಆಡಿಯೋ ಪುಸ್ತಕಗಳ ಖಾತೆ ಮಾಡಿಸಿಕೊಟ್ಟಿದ್ದಾಳೆ. ಮೊದಲಿಗೆ ಕೇಳಿದ್ದು ಎಮಿಲಿ ಹೆನ್ರಿ ಬರೆದು 2020ರಲ್ಲಿ ಪ್ರಕಟವಾದ 'ಬೀಚ್ ರೀಡ್'. ಇಬ್ಬರು ಕಾದಂಬರಿಕಾರರು, ಮಿಷಿಗನ್ನಿನ ಸರೋವರದ ದಂಡೆಯಲ್ಲಿ ಅಕ್ಕಪಕ್ಕದ ಮನೆ, ನೀನು ನನ್ನ ಥರ ಬರೆ ನಾನು ನಿನ್ನ ಥರ ಬರೆಯುತ್ತೇನೆಂದು ಪಂದ್ಯ. ಓದಿದ ಜೂಲಿಯಾ ವೀಲನ್‌ಗೆ ದೊಡ್ಡಮ್ಮ ನೂರಕ್ಕೆ ತೊಂಬತ್ತೈದು ಕೊಟ್ಟರು. ಕಥೆಯ ಬಗ್ಗೆ ತಕರಾರು: "ಹುಡುಗನೂ ಒಪ್ಪಿದಾನೆ, ಹುಡುಗಿನೂ ಒಪ್ಪಿದಾಳೆ. ಜಾತಿ ಕೇಳೋರಿಲ್ಲ, ಜಾತಕ ಕೇಳೋರಿಲ್ಲ, ಪಕ್ಕದ ಮನೆ, ಬಸ್ ಚಾರ್ಜೂ ಇಲ್ಲ. ಇಷ್ಟು ಹೊತ್ತು ಯಾಕೆ? ಆ ಊರಲ್ಲಿ ಒಬ್ಬ ಅತ್ತೆ ಇದ್ದಿದ್ರೆ ಕಥೆಗೆ ಒಂದು ಅರ್ಥ ಬರ್ತಿತ್ತು." ಅಡ್ಡಿಯೆಲ್ಲ ಇಬ್ಬರ ತಲೆಯೊಳಗೇ ಇದೆ, ಹಳೆಯ ನೋವು ಅವರನ್ನು ಹಿಡಿದಿಟ್ಟಿದೆ ಎಂದು ಮಗಳು ಫೋನಿನಲ್ಲಿ ವಿವರಿಸಿದಳು. "ಹಾಗಾದ್ರೆ ನಿಮ್ಮಪ್ಪನ ಹತ್ರ ಇಂಥದ್ದು ಬೇಕಾದಷ್ಟಿದೆ, ಯಾರೂ ಪುಸ್ತಕ ಬರೀಲಿಲ್ಲ" ಎಂದು ದೊಡ್ಡಮ್ಮ ಮುಗಿಸಿದರು.

ಆದರೆ ಕೊಲೀನ್ ಹೂವರ್ ಬರೆದ 'ಇಟ್ ಎಂಡ್ಸ್ ವಿತ್ ಅಸ್' ಕೇಳಿದ ಮೇಲೆ ಅವರು ಇಡೀ ಸಂಜೆ ಬೇರೇನೂ ಕೇಳಲಿಲ್ಲ. 2016ರ ಕಾದಂಬರಿ. ನಾಯಕ ಮೆದುಳಿನ ಸರ್ಜನ್; ಅಂದರೆ ದೊಡ್ಡಮ್ಮನ ಮೆಚ್ಚಿನ ಡಾಕ್ಟರ್. ಆ ಡಾಕ್ಟರ್ ಹೆಂಡತಿಗೆ ಹೊಡೆಯುತ್ತಾನೆ, ಅಳುತ್ತಾನೆ, ಕ್ಷಮೆ ಕೇಳುತ್ತಾನೆ, ಮತ್ತೆ ಹೊಡೆಯುತ್ತಾನೆ. ಹೆತ್ತ ಮಗಳನ್ನು ಕೈಯಲ್ಲಿ ಹಿಡಿದಾಗ ಅವಳು ಇನ್ನು ಸಾಕು ಎನ್ನುತ್ತಾಳೆ. "ನಮ್ಮ ತ್ರಿವೇಣಿ ಇದನ್ನ ಆಗಲೇ ಮಾಡಿದ್ರಲ್ಲೋ" ಎಂದರು ದೊಡ್ಡಮ್ಮ. 'ಬೆಳ್ಳಿಮೋಡ'ದ ಇಂದಿರೆಯ ವಿಷಯ. ಎಸ್ಟೇಟಿನ ಆಸೆಗೆ ಒಪ್ಪಿದವನು, ಮನೆಗೆ ಗಂಡು ವಾರಸುದಾರ ಹುಟ್ಟಿದ ಕೂಡಲೇ ಕೈಬಿಡುತ್ತಾನೆ. ಕಾಲು ಮುರಿದುಕೊಂಡು ಬಂದು ಅವಳಿಂದಲೇ ಆರೈಕೆ ಮಾಡಿಸಿಕೊಂಡು ಈಗ ಪ್ರೀತಿ ಬಂದಿದೆ ಎನ್ನುತ್ತಾನೆ. ಬೇಡ ಎನ್ನುತ್ತಾಳೆ ಇಂದಿರೆ. ಅದನ್ನು ಬರೆದವರು 1963ರಲ್ಲಿ, ಮೂವತ್ತೈದೂ ತುಂಬದ ವಯಸ್ಸಿನಲ್ಲಿ ತೀರಿಕೊಂಡರು. 1967ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದಾಗ ದೊಡ್ಡಮ್ಮ ಅಕ್ಕಂದಿರ ಜೊತೆ ನೋಡಿ ಬಂದರಂತೆ. ಒಂದೇ ಅಳತೆಗೋಲು ಅಲ್ಲಿಂದ ಇಲ್ಲಿಯವರೆಗೆ: ಹುಡುಗಿಗೆ 'ಬೇಡ' ಅನ್ನಲು ಬರುತ್ತದೋ ಇಲ್ಲವೋ. ಬಂದರೆ, ಆಮೇಲೆ ಅವಳು 'ಬೇಕು' ಎಂದರೂ ಅಡ್ಡಿಯಿಲ್ಲ. ವಾಣಿಯವರ 'ಎರಡು ಕನಸು' ಕಾದಂಬರಿಯ ನಾಯಕ ಕಟ್ಟಿಕೊಂಡವಳ ಮುಖ ನೋಡದೆ ಹಳೆಯ ಪ್ರೇಮವನ್ನೇ ಮೆಲುಕು ಹಾಕುತ್ತಿರುತ್ತಾನಲ್ಲ, ಅವನ ಮೇಲೆ ಇಂದಿಗೂ ಸಿಟ್ಟಿದೆ. "ಸಿನಿಮಾದಲ್ಲಿ ರಾಜ್‌ಕುಮಾರ್ ಆಗಿದ್ರು ಅಂತ ಬಿಟ್ಟೆ."

ಇವರ ಓದನ್ನು ಒಂದು ಕಾಲದಲ್ಲಿ 'ಅಡುಗೆಮನೆ ಸಾಹಿತ್ಯ' ಎಂದು ಮೂಗು ಮುರಿದವರಿದ್ದರು. ಆ ಮೂಗುಗಳ ಪುಸ್ತಕಗಳನ್ನೂ ಅಚ್ಚು ಹಾಕುವ ಧೈರ್ಯ ಪ್ರಕಾಶಕರಿಗೆ ಬಂದದ್ದು ಈ ಅಡುಗೆಮನೆಗಳಿಂದಲೇ ಎಂಬುದು ನನ್ನ ಗುಮಾನಿ. ಗಂಭೀರ ಸಾಹಿತ್ಯ ಓದುವವನೆಂದು ಹೆಸರು ಮಾಡಿರುವ ನಾನು ಪೂರ್ತಿ ಮುಗಿಸಿದ ಪುಸ್ತಕಗಳ ಸಂಖ್ಯೆಯನ್ನು ದೊಡ್ಡಮ್ಮನ ಮುಂದೆ ಹೇಳುವುದಿಲ್ಲ.

ಈ ಪತ್ರಿಕೆಯನ್ನು ಆ್ಯಪುಗಳಿಗೆ ಬರೆಯುವವರೂ ಓದುತ್ತಾರೆಂದು ತಿಳಿದು ದೊಡ್ಡಮ್ಮ ಒಂದು ಅಹವಾಲು ಕೊಟ್ಟಿದ್ದಾರೆ. ಇದ್ದ ಹಾಗೇ ಒಪ್ಪಿಸುತ್ತಿದ್ದೇನೆ: ಸಿಇಒಗಳು ಸಾಕು. ಬೆಸ್ಕಾಂನ ಜೂನಿಯರ್ ಎಂಜಿನಿಯರ್ ಆಗಬಹುದು, ಸೊಸೈಟಿಯ ಸೆಕ್ರೆಟರಿ ಆಗಬಹುದು, ಟೆಲಿಫೋನ್ ಇಲಾಖೆಯಲ್ಲಿ ಅಕೌಂಟ್ಸ್ ನೋಡುವವನಾದರೂ ನಡೆದೀತು. ಹುಡುಗಿ ಮನೆ ಬಿಟ್ಟು ಹೋಗುವ ಮೊದಲು ಒಂದು ಮಾತು ವಿಚಾರಿಸಲಿ. ಓದಲು ಕೂರುವವರು ನೀರು ಕುಡಿದು ಕೂರಲಿ. ಮತ್ತು ದಯವಿಟ್ಟು, ಬಾಗಿಲ ಬೆಲ್ ಹೊಡೆಸಿದರೆ ಬಾಗಿಲು ತೆಗೆಸಿಯೇ ಕಂತು ಮುಗಿಸಿ.