ಆಯ ಕೂತಿತು, ಗಾಳಿ ನಿಂತಿತು

ಬೆಂಗಳೂರಿನ ಹೆಣ್ಣೂರು ಕಡೆ ಚಿಕ್ಕದೊಂದು ಆರ್ಕಿಟೆಕ್ಟ್ ಕಚೇರಿ ಇಟ್ಟುಕೊಂಡವನಿಗೆ ಮನೆ ವಿನ್ಯಾಸ ಮಾಡುವುದೊಂದನ್ನು ಬಿಟ್ಟು ಬೇಕಾದಷ್ಟು ಕೆಲಸ. ವಿನ್ಯಾಸವನ್ನು ಊರೇ ಮಾಡಿ ಮುಗಿಸಿರುತ್ತದೆ. 30×40 ಸೈಟಿನ ಯಜಮಾನರು ಒಳಗೆ ಕಾಲಿಡುವಷ್ಟರಲ್ಲಿ ದೇವಮೂಲೆಯ ಸಂಪು, ಆಗ್ನೇಯದ ಅಡುಗೆಮನೆ ಜೋಯಿಸರ ಲೆಕ್ಕದಲ್ಲಿ ಪಾಸಾಗಿವೆ. ಎಲಿವೇಷನ್ನು ಅಳಿಯನ ಮೊಬೈಲಿನಲ್ಲಿದೆ.

"ಬರೀ ಒಂದು ಪ್ಲಾನ್ ಹಾಕ್ಕೊಡಿ ಸಾರ್. ಚದರಕ್ಕೆ ಎಷ್ಟು?"

ಹೇಳಿದೆ.

"ನಮ್ ಮೇಸ್ತ್ರಿ ಫ್ರೀಯಾಗೇ ಹಾಕ್ಕೊಡ್ತಾನೆ."

ಮೇಸ್ತ್ರಿಯ ತಪ್ಪೇನಿಲ್ಲ. ಆರ್ಕಿಟೆಕ್ಟ್ ಎಂಬ ಬಿರುದನ್ನು 1972ರ ಕಾಯ್ದೆ ನೋಂದಾಯಿತರಿಗಷ್ಟೇ ಮೀಸಲಿಟ್ಟಿದೆ. ಆ ಕೆಲಸ ಯಾರು ಮಾಡಿದರೂ ಕಾಯ್ದೆಯ ಅಡ್ಡಿಯಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಬೋರ್ಡು ನನಗೆ, ಬಿಲ್ಡಿಂಗು ಅವನಿಗೆ.

ಆಮೇಲೆ ಆಯ, ಅಂದರೆ ಮನೆಯ ಅಳತೆಯ ವಾಸ್ತು ಲೆಕ್ಕ. ಇರುವ ಎಂಟರಲ್ಲಿ ಧ್ವಜ, ಸಿಂಹ, ವೃಷಭ, ಗಜ ಆಗಬಹುದು. ಧೂಮ, ಶ್ವಾನ, ಖರ, ಕಾಕ ಕೂಡದು. ಯಜಮಾನರಿಗೆ ಗಜವೇ ಬೇಕು. ಗೋಡೆಯನ್ನು ನಾಲ್ಕಂಗುಲ ಆಚೆ ಸರಿಸಿದೆವು, ಮತ್ತೆ ಎರಡಂಗುಲ ಈಚೆ ತಂದೆವು. ಗಜ ಬಂದು ಕೂತಿತು. ಅದಕ್ಕೆ ಜಾಗ ಬಿಡಲು ಬಚ್ಚಲಿನ ಡಕ್ಟು ಎದ್ದು ಹೋಯಿತು. ಈಗ ಆ ಮನೆಯಲ್ಲಿ ಐಶ್ವರ್ಯ ಬರುವ ದಾರಿಯಿದೆ, ಹಬೆ ಹೋಗುವ ದಾರಿಯಿಲ್ಲ.

ನಮ್ಮ ಕಚೇರಿಯ ನಿಜವಾದ ಸೃಜನಶೀಲ ಸಾಹಿತ್ಯವೆಂದರೆ ಸ್ಯಾಂಕ್ಷನ್ ಪ್ಲಾನು. ಅದರಲ್ಲಿ ನಾಲ್ಕೂ ಕಡೆ ಸೆಟ್‌ಬ್ಯಾಕು, ಸ್ಟಿಲ್ಟಿನಲ್ಲಿ ಕಾರು, ಮೂಲೆಯಲ್ಲೊಂದು ದುಂಡನೆಯ ಹಸಿರು ಮರ. ಕಟ್ಟೋ ಪ್ಲಾನು ಬೇರೆ. ಅದರಲ್ಲಿ ಸ್ಟಿಲ್ಟು ಸಲೂನಾಗಿದೆ, ಕಾರು ರಸ್ತೆಗೆ ಬಂದಿದೆ, ಮೇಲೆ ಪಿಜಿ. ಪಿಜಿಗೆ ಕೋಣೆಯ ಅಳತೆ ಅಡಿಗಳಲ್ಲಿಲ್ಲ, ಮಂಚಗಳಲ್ಲಿ. "ಕಿಟಕಿ ಇಲ್ಲಿರಲಿ" ಅಂದರೆ "ಅಲ್ಲಿ ಇನ್ನೊಂದು ಮಂಚ ಹಿಡಿಯುತ್ತೆ ಸಾರ್." 1200 ಚದರಡಿ ಸೈಟಿನ ಹೊಸ ಮನೆಗೂ ಮಳೆನೀರು ಕೊಯ್ಲು ಕಡ್ಡಾಯವಾಗಿ ವರ್ಷಗಳೇ ಆದವು. ಪೈಪು ಹಾಕಿಸಿದ್ದಾರೆ, ಸುಳ್ಳಾಡಬಾರದು; ಇಂಗುಗುಂಡಿ ಮಾತ್ರ ಪ್ಲಾನಿನಲ್ಲೇ ಉಳಿದಿದೆ. ಪೈಪಿನ ಬಾಯಿ ನೇರ ಪಕ್ಕದವರ ಗೇಟಿಗೆ.

2025ರಲ್ಲಿ ಒಂದು ಪಾಲಿಕೆ ಹೋಗಿ ಐದಾದವು. "ಅಂದ್ರೆ ಸೆಟ್‌ಬ್ಯಾಕ್ ಐದ್ರಲ್ಲಿ ಒಂದ್ ಭಾಗ ಬಿಟ್ರೆ ಸಾಕಾ?" ಎಂದರು ಯಜಮಾನರು. ನಗಲಿಲ್ಲ. ಗಂಭೀರವಾಗಿಯೇ ಕೇಳಿದ್ದು.

ಗೃಹಪ್ರವೇಶಕ್ಕೆ ಕರೆದರು. ಪುರೋಹಿತರಿಗೆ ಶಾಲು, ಮೇಸ್ತ್ರಿಗೆ ಉಂಗುರ, ನನಗೆ ಹೋಳಿಗೆ. ಎರಡನೇ ಹೋಳಿಗೆಗೆ ತುಪ್ಪ ಬಡಿಸುತ್ತ ಯಜಮಾನರು ಕಿವಿಯ ಹತ್ತಿರ ಬಗ್ಗಿದರು: "ನಮ್ ಭಾಮೈದಂದೂ ಒಂದ್ ಸೈಟಿದೆ. ಇದೇ ಪ್ಲಾನ್ ಜೆರಾಕ್ಸ್ ಮಾಡ್ಕೊಡಿ. ಅವಂದು ಪಶ್ಚಿಮದ ಬಾಗಿಲು, ಉಲ್ಟಾ ಮಾಡಿದ್ರೆ ಆಯ್ತಲ್ಲ?"

ಬಾಕಿ ಫೀಸು ನೆನಪಿಸಿದೆ.

"ಅದನ್ನೂ ಅವನ ಲೆಕ್ಕಕ್ಕೇ ಹಾಕಿ ಸಾರ್."