‘ಫ್ಯಾಮಿಲಿ ಏರಿಯಾ’ ಮೀಮಾಂಸೆ: ಬಂದರ್ ಪ್ರಕರಣ

ಶಾಸ್ತ್ರ ಬರೆಯುವವರು ಮೊದಲು ಲಕ್ಷಣ ಹೇಳಬೇಕೆಂಬುದು ರೂಢಿ. ಬೆಂಗಳೂರಿನಿಂದ ಮಂಗಳೂರಿಗೆ ಗಂಟುಮೂಟೆ ಕಟ್ಟುವ ಸಂಸಾರಗಳ ಕಿವಿಗೆ ಮನೆ ಬ್ರೋಕರ್ ಹಾಕುವ ಮೊದಲ ಪಾರಿಭಾಷಿಕ ಪದ ‘ಫ್ಯಾಮಿಲಿ ಏರಿಯಾ’. ಪದ ಬಳಕೆಯಲ್ಲಿದೆ, ಅದರ ಬಲದಿಂದ ಬಾಡಿಗೆಯೂ ಏರುತ್ತದೆ. ಲಕ್ಷಣ ಮಾತ್ರ ಯಾವ ನೈಯಾಯಿಕನ ಕೈಗೂ ಸಿಕ್ಕಿಲ್ಲ. ‘ಸಂಸಾರಗಳು ವಾಸಿಸುವ ಜಾಗ’ ಎಂದರೆ ಅತಿವ್ಯಾಪ್ತಿ ದೋಷ. ದಕ್ಷಿಣ ಕನ್ನಡದಲ್ಲಿ ಸಂಸಾರವಿಲ್ಲದ ಜಾಗವೆಂದು ತೋರಿಸಲು ಮಠ, ಹಾಸ್ಟೆಲು ಮತ್ತು ನಡುಗಡಲು ಬಿಟ್ಟರೆ ಬೇರೆ ಕಡೆ ಸಿಗುವುದು ಕಷ್ಟ. ‘ಲಿಫ್ಟ್, ಜಿಮ್, ಜಾರುಬಂಡಿ ಉಳ್ಳದ್ದು’ ಎಂದರೆ ಅವ್ಯಾಪ್ತಿ. ಜಾರುಬಂಡಿಯ ಮುಖ ನೋಡದೆ ಬೆಳೆದು 1906ರಲ್ಲಿ ಕೆನರಾ ಬ್ಯಾಂಕನ್ನೂ 1924ರಲ್ಲಿ ಕರ್ಣಾಟಕ ಬ್ಯಾಂಕನ್ನೂ ಕಟ್ಟಿದ ಪೂರ್ವಿಕರೆಲ್ಲ ಲಕ್ಷಣದ ಹೊರಗೆ ಬೀಳುತ್ತಾರೆ.

ಪೂರ್ವಪಕ್ಷ ಹೀಗಿದೆ. 2011ರ ಜನಗಣತಿಯಲ್ಲಿ 84 ಲಕ್ಷ ದಾಟಿದ್ದ ನಗರವನ್ನು ಬಿಟ್ಟು, ಅದೇ ಗಣತಿಯಲ್ಲಿ ಐದು ಲಕ್ಷವನ್ನೂ ಮುಟ್ಟದ ಪಾಲಿಕೆಗೆ ಬರುವವರ ಮುಂದೆ 60 ವಾರ್ಡುಗಳಿವೆ. ಬ್ರೋಕರ್ ಬಾಯಲ್ಲಿ ಅವು ಬೆರಳೆಣಿಕೆಗೆ ಇಳಿಯುತ್ತವೆ: ಕದ್ರಿ, ಬಿಜೈ, ಬೆಂದೂರ್‌ವೆಲ್, ಕೊಟ್ಟಾರ, ದೇರೆಬೈಲ್, ಕೈ ಸ್ವಲ್ಪ ಬಿಗಿಯಿದ್ದರೆ ಕುಲಶೇಖರ, ಶಕ್ತಿನಗರ. ಬಂದರ್ ಎಂದು ಯಾರಾದರೂ ಉಸುರಿದರೆ ಉತ್ತರ ಸಿದ್ಧ: “ಅಲ್ಲಿ ಎಂತ ಉಂಟು ಮಾರಾಯ್ರೆ? ಗೋಡೌನು, ಲಾರಿ, ಮೀನು. ಫ್ಯಾಮಿಲಿಯವರಿಗೆ ಹೇಳಿದ ಜಾಗ ಅಲ್ಲ ಅದು.”

ಈ ಪ್ರಬಂಧದ ಸಿದ್ಧಾಂತ ಅದಕ್ಕೆ ನೇರ ವಿರುದ್ಧ. ಹಳೆ ಬಂದರು ಪ್ರದೇಶವೇ ಮಂಗಳೂರಿನ ಆದಿ ಫ್ಯಾಮಿಲಿ ಏರಿಯಾ. ಪ್ರಮಾಣಗಳು ಮೂರು: ಶಬ್ದ, ಅನುಮಾನ, ಪ್ರತ್ಯಕ್ಷ. ಉಪಮಾನವನ್ನು ಬಿಲ್ಡರುಗಳ ಜಾಹೀರಾತಿಗೆ ಬಿಟ್ಟುಕೊಡಲಾಗಿದೆ.

ಶಬ್ದಪ್ರಮಾಣಕ್ಕಾಗಿ ಕೈರೋವರೆಗೆ ಹೋಗಬೇಕಾಗುತ್ತದೆ. ಅಲ್ಲಿನ ಹಳೆಯ ಭಾಗವಾದ ಫುಸ್ತಾತ್‌ನ ಬೆನ್ ಎಜ್ರಾ ಸಿನಗಾಗಿನಲ್ಲಿ ಗೆನಿಜಾ ಎಂಬ ಕೋಣೆಯಿತ್ತು. ದೇವರ ಹೆಸರಿರಬಹುದಾದ ಕಾಗದವನ್ನು ಹರಿದೆಸೆಯಬಾರದೆಂದು ಶತಮಾನಗಳ ಕಾಲ ಜನ ಅದರೊಳಗೆ ಪತ್ರ, ಕರಾರು, ದಿನಸಿ ಲೆಕ್ಕ ಎಲ್ಲವನ್ನೂ ತುಂಬಿದ್ದರು. ಆ ರಾಶಿಯಿಂದ ಎದ್ದು ಬಂದವನು ಅಬ್ರಹಾಂ ಬೆನ್ ಯಿಜು: ಈಗಿನ ಟ್ಯುನೀಶಿಯಾದ ಮಹ್ದಿಯಾ ಮೂಲದವನು, ಏಡನ್ ಮಾರ್ಗವಾಗಿ ಮಂಗಳೂರಿಗೆ ಬಂದ ಯಹೂದಿ ವರ್ತಕ. 1132ರ ಅಕ್ಟೋಬರ್ 17ರಂದು ಅವನು ಮಂಗಳೂರಿನಲ್ಲಿ ಅಶು ಎಂಬ ಹೆಣ್ಣನ್ನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರ ಉಳಿದಿದೆ. ಅವಳನ್ನೇ ಮದುವೆಯಾಗಿ, ಮಕ್ಕಳನ್ನು ಪಡೆದು, 1149ರಲ್ಲಿ ಇಬ್ಬರು ಮಕ್ಕಳೊಂದಿಗೆ ಏಡನ್‌ಗೆ ಮರಳಿದನೆಂದು ಆ ಕಾಗದಗಳನ್ನು ಓದಿದ ವಿದ್ವಾಂಸರು ಹೇಳುತ್ತಾರೆ. ಬಿಡುಗಡೆ ಮಾಡುವ ಮೊದಲು ಕೊಂಡಿರಬೇಕಲ್ಲ ಎಂಬ ಕಹಿಯನ್ನು ಶಾಸ್ತ್ರವು ಮುಚ್ಚಿಡಬಾರದು. ಆದರೂ ಪರಊರಿನ ಬ್ಯಾಚುಲರ್ ಒಬ್ಬ ಸಂಸಾರಸ್ಥನಾದದ್ದಕ್ಕೆ ತಾರೀಕು ಸಮೇತ ದಾಖಲೆ, ಅದೂ ಹನ್ನೆರಡನೆಯ ಶತಮಾನದ್ದು, ಬಿಜೈಯ ಯಾವ ಅಪಾರ್ಟ್‌ಮೆಂಟಿನಲ್ಲಿ ಸಿಗುತ್ತದೋ ಬ್ರೋಕರು ತೋರಿಸಲಿ.

ಬೆನ್ ಯಿಜುವಿನ ಗೃಹಕೃತ್ಯದ ವಿವರಗಳೂ ನಮ್ಮ ವಿಷಯಕ್ಕೆ ಉಪಯುಕ್ತ. ಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಕಂಚಿನ ಪಾತ್ರೆಗಳ ಕಾರ್ಖಾನೆಯೊಂದನ್ನೂ ನಡೆಸುತ್ತಿದ್ದ. ಅವನ ಮನೆಗೆ ಬೇಕಾದ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದವನ್ನು ಏಡನ್ನಿನ ಗೆಳೆಯರು ಕಳಿಸುತ್ತಿದ್ದರು. ಇಂದು ಹತ್ತು ನಿಮಿಷದಲ್ಲಿ ಸಾಮಾನು ಬಾರದ ಬಡಾವಣೆಯನ್ನು ವಾಸಯೋಗ್ಯವಲ್ಲವೆಂದು ತಳ್ಳಿಹಾಕುವ ಸಂಸಾರಗಳು ಗಮನಿಸಬೇಕಾದ ಅಂಶವಿದು: ಆಗಿನ ಡೆಲಿವರಿ ಮಾರುತದ ದಿಕ್ಕನ್ನು ಅವಲಂಬಿಸಿತ್ತು, ತಡವಾದರೆ ಮುಂದಿನ ಋತು. ಅವನ ವ್ಯವಹಾರ ನೋಡಿಕೊಳ್ಳಲು ಏಡನ್‌ಗೆ ಹೋಗಿಬರುತ್ತಿದ್ದ ಆಳು ಈ ನೆಲದವನು. 1992ರಲ್ಲಿ ಬಂದ ‘ಇನ್ ಆನ್ ಆಂಟಿಕ್ ಲ್ಯಾಂಡ್’ ಕೃತಿಗಾಗಿ ಅಮಿತಾವ್ ಘೋಷ್ ಅವನ ಹೆಸರಿನ ಜಾಡು ಹಿಡಿದು ಮಂಗಳೂರಿಗೇ ಬಂದರು. ಅದು ‘ಬೊಮ್ಮ’ ಎಂದು ಗೊತ್ತುಮಾಡಿಕೊಳ್ಳುವಲ್ಲಿ ಅವರಿಗೆ ನೆರವಾದವರು ಬಿ.ಎ. ವಿವೇಕ ರೈ.

ಇಲ್ಲೊಂದು ಆಕ್ಷೇಪ ಏಳಬಹುದು: ಬೆನ್ ಯಿಜು ಮಂಗಳೂರಿನಲ್ಲಿದ್ದ ಸರಿ, ಬಂದರಿನಲ್ಲೇ ಇದ್ದನೆಂದು ಹೇಗೆ? ಇಲ್ಲಿ ಅನುಮಾನಪ್ರಮಾಣ ಕೆಲಸಕ್ಕೆ ಬರುತ್ತದೆ. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ. ಎಲ್ಲೆಲ್ಲಿ ಮೆಣಸಿನ ಮೂಟೆಯೋ ಅಲ್ಲಲ್ಲಿ ದೋಣಿ. ಹಡಗಿಗೆ ಹೇರುವ ಮೂಟೆಗಳನ್ನು ಕದ್ರಿ ಗುಡ್ಡದ ಮೇಲಿಟ್ಟು ದಿನಾ ಇಳಿಸುವಷ್ಟು ದಡ್ಡನಾಗಿದ್ದರೆ ಅವನ ಪತ್ರವ್ಯವಹಾರ ಇಷ್ಟು ವರ್ಷ ನಡೆಯುತ್ತಿರಲಿಲ್ಲ. ಡೋರ್ ನಂಬರ್ ಕೇಳುವವರು ಪಾಲಿಕೆಯನ್ನು ವಿಚಾರಿಸಬಹುದು.

ಎರಡನೆಯ ಸಾಕ್ಷಿ ಇಬ್ನ್ ಬತೂತ. 1342ರ ಸುಮಾರಿಗೆ ಅವನ ಹಡಗು ಮಂಗಳೂರಿಗೆ ಬಂತು. ಫಾರ್ಸ್ ಮತ್ತು ಯೆಮನ್ ದೇಶಗಳ ವರ್ತಕರು ಬಹುಪಾಲು ಇಲ್ಲೇ ಇಳಿಯುತ್ತಾರೆ, ಮೆಣಸು ಶುಂಠಿ ಹೇರಳ, ಪಟ್ಟಣದ ಪಕ್ಕದ ಕೇರಿಯಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರಿದ್ದಾರೆ ಎಂದು ಬರೆದಿದ್ದಾನೆ. ಅವರಿಗೂ ಊರವರಿಗೂ ಆಗಾಗ ಜಗಳ ಹತ್ತುವುದನ್ನು, ವರ್ತಕರು ತನಗೆ ಬೇಕಾದವರೆಂದು ರಾಜ ರಾಜಿ ಮಾಡಿಸುವುದನ್ನು ಅವನು ಮರೆಮಾಡುವುದಿಲ್ಲ. ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಚರಿತ್ರೆ ಬರೆಯುವವರು ಈ ವಾಕ್ಯದಿಂದಲೇ ಆರಂಭಿಸತಕ್ಕದ್ದು.

ಆದರೆ ಬಾಡಿಗೆಶಾಸ್ತ್ರಕ್ಕೆ ಇಬ್ನ್ ಬತೂತನ ನಿಜವಾದ ಕೊಡುಗೆ ಅಡ್ವಾನ್ಸ್ ವಿಷಯದಲ್ಲಿದೆ. ಊರಿನ ಖಾಜಿ ಹಡಗಿಗೇ ಬಂದು ಇಳಿಯಿರೆಂದು ಕರೆದ. ರಾಜನು ಮಗನನ್ನು ಒತ್ತೆಯಾಗಿ ಹಡಗಿಗೆ ಕಳಿಸುವ ತನಕ ನೆಲಕ್ಕೆ ಕಾಲಿಡುವುದಿಲ್ಲ ಎಂದರು ಪ್ರಯಾಣಿಕರು. ಹಿಂದಿನ ಬಂದರು ಫಾಕನೂರಿನಲ್ಲಿ, ಅಂದರೆ ನಮ್ಮ ಬಾರಕೂರಿನಲ್ಲಿ, ಹಾಗೇ ಆಗಿತ್ತು. ಇಲ್ಲಿ ಅದರ ಅಗತ್ಯವಿಲ್ಲ, ರಾಜನಿಗೇ ನಮ್ಮ ಭಯವುಂಟು ಎಂದ ಖಾಜಿ. ಅವರು ಜಗ್ಗಲಿಲ್ಲ. ರಾಜಕುಮಾರ ಹಡಗು ಹತ್ತಿದ, ಅತಿಥಿಗಳು ಇಳಿದರು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಎಣಿಸಿಕೊಟ್ಟು ಬಂದವರು ಈ ಭಾಗವನ್ನು ಎರಡು ಸಲ ಓದಬೇಕು. ವಾಸಕ್ಕೆ ಬಂದವನು ಠೇವಣಿ ಕೊಡಲಿಲ್ಲ, ಊರಿನ ಒಡೆಯನೇ ಕೊಟ್ಟ! 2021ರಲ್ಲಿ ಕೇಂದ್ರ ಸರ್ಕಾರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಠೇವಣಿ ಸಾಕೆಂದು ಹೇಳಿದಾಗ ಅದನ್ನು ಕ್ರಾಂತಿ ಎಂದರು. ಬಂದರಿನ ಪೂರ್ವನಿದರ್ಶನದ ಮುಂದೆ ಅದು ಬಹಳ ಅಂಜುಬುರುಕ ಪ್ರಸ್ತಾಪ. ಮೂರು ದಿನ ಸತ್ಕಾರ ಮುಗಿಸಿ ಹಡಗು ಮುಂದಿನ ಊರಿಗೆ ಹೊರಟಿತು. ಸುಣ್ಣಬಣ್ಣದ ಖರ್ಚೆಂದು ರಾಜಕುಮಾರನಲ್ಲಿ ಏನನ್ನಾದರೂ ಕಡಿತ ಮಾಡಿದ ಉಲ್ಲೇಖವಿಲ್ಲ.

ಆ ಕೇರಿಯ ಗುರುತು ಈಗಲೂ ನಿಂತಿದೆ. ಬಂದರಿನವರು ಬೆಳಿಯೆ ಪಳ್ಳಿ ಎನ್ನುವ ಝೀನತ್ ಬಕ್ಷ್ ಜುಮಾ ಮಸೀದಿಯ ಸ್ಥಾಪನೆಯನ್ನು ಪರಂಪರೆ ಕ್ರಿ.ಶ. 644ಕ್ಕೆ ಒಯ್ಯುತ್ತದೆ, ಟಿಪ್ಪು ಅದನ್ನು ನವೀಕರಿಸಿ ಮಗಳ ಹೆಸರಿಟ್ಟನೆಂದು ಹೇಳುತ್ತಾರೆ. ಅಲ್ಲಿಂದ ತುಸು ನಡೆದರೆ ಕಚ್ಚಿ ಮೇಮನ್ ಮಸೀದಿ, ಭಟ್ಕಳ ಬಜಾರ್. ಬೇರೆ ಬೇರೆ ಊರಿನವರು ಬಂದು ಮನೆ ಮಾಡಿದ್ದನ್ನು ಬೀದಿಯ ಬೋರ್ಡುಗಳೇ ಹೇಳುತ್ತವೆ. ಇನ್ನೊಂದು ದಿಕ್ಕಿಗೆ ಪೋರ್ಚುಗೀಸರು 1568ರಲ್ಲಿ ಆರಂಭಿಸಿದ ರೊಸಾರಿಯೊ ಚರ್ಚ್, ಮತ್ತೊಂದು ದಿಕ್ಕಿಗೆ ಕೊಂಕಣಿಗರ ರಥಬೀದಿ.

ಹಾಗಾದರೆ ಮಂಗಳೂರಿಗರಿಗೆ ಎತ್ತರದ ಮೋಹ ಬಂದದ್ದು ಎಲ್ಲಿಂದ? ಇದನ್ನು ಪ್ರಬಂಧವು ‘ಗುಡ್ಡವಾದ’ವೆಂದು ಕರೆಯುತ್ತದೆ. 1834ರ ಅಕ್ಟೋಬರಿನಲ್ಲಿ ಬಂದಿಳಿದ ಬಾಸೆಲ್ ಮಿಷನ್ನಿನವರು ಬಲ್ಮಠದ ಗುಡ್ಡ ಹಿಡಿದರು. ಜೆಸ್ವಿಟರ ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ ಶುರುವಾಗಿ ಲೈಟ್‌ಹೌಸ್ ಗುಡ್ಡವನ್ನೇರಿತು. ಅಧಿಕಾರಿಗಳ ಬಂಗಲೆಗಳಿಗೂ ಗಾಳಿ, ನೋಟ, ಕೆಳಗಿನವರಿಂದ ಒಂದಿಷ್ಟು ದೂರ ಬೇಕಿತ್ತು. ಗುಡ್ಡವಾದದ ಆಂತರಿಕ ವಿರೋಧವನ್ನು ಮಿಷನ್ನೇ ಬಯಲು ಮಾಡಿದ್ದು ಸ್ವಾರಸ್ಯ. 1865ರಲ್ಲಿ ಹಂಚಿನ ಕಾರ್ಖಾನೆ ಹಾಕುವಾಗ ಪ್ರಾರ್ಥನೆಯನ್ನು ಮೇಲೆ ಬಿಟ್ಟು ಅವರು ಜೆಪ್ಪುವಿನ ನದಿದಂಡೆಗೆ ಇಳಿದರು. ಜೇಡಿಮಣ್ಣೂ ಸಾಗಿಸುವ ದೋಣಿಯೂ ಇದ್ದದ್ದು ಕೆಳಗೆ. ‘ಎತ್ತರದ ಏರಿಯಾ ಸಾರ್, ನೀರು ನಿಲ್ಲುವುದಿಲ್ಲ’ ಎಂಬ ಬ್ರೋಕರ್ ವಾಕ್ಯಕ್ಕೂ ಇಲ್ಲೇ ಒಂದು ಟಿಪ್ಪಣಿ: 2018ರ ಮೇ 29ರ ಮಳೆಗೆ ಮಂಗಳೂರು ಮುಳುಗಿದಾಗ, ಫ್ಯಾಮಿಲಿ ಏರಿಯಾಗಳ ಪಟ್ಟಿಯಲ್ಲಿರುವ ಕೊಟ್ಟಾರದ ಚೌಕಿಯಲ್ಲಿ ವಾಹನಗಳು ಈಜು ಕಲಿತವು.

ಇನ್ನು ಪ್ರತ್ಯಕ್ಷ. ಹೊಸ ಜಾಗವನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ನೋಡಬೇಕೆಂಬುದು ಬಲ್ಲವರ ಮಾತು. ಪರೀಕ್ಷಕ ಸಂಸಾರವು ಬೆಳಗಿನ ಜಾವ ದಕ್ಕೆಗೆ ಹೋಗತಕ್ಕದ್ದು. ಟ್ರಾಲ್ ಬೋಟುಗಳು ಒಂದಕ್ಕೊಂದು ಒರಗಿ ನಿಂತಿರುತ್ತವೆ. ಬಂಗುಡೆ, ಬೂತಾಯಿ, ಅಂಜಲ್ ಬುಟ್ಟಿಗಟ್ಟಲೆ ಇಳಿಯುತ್ತವೆ. ಏಲಂ ಕೂಗುವವನ ಗಣಿತದ ವೇಗಕ್ಕೆ ಯಾವ ಕೋಚಿಂಗ್ ಕ್ಲಾಸೂ ಸಮವಲ್ಲ. ಹೊತ್ತು ಏರಿದ ಮೇಲೆ ಗೋಡೌನುಗಳ ಬೀದಿ: ಒಣಮೆಣಸು, ಕೊಪ್ಪರ, ಬೆಲ್ಲ, ಒಣಮೀನು ಎಲ್ಲವೂ ಒಂದೇ ಉಸಿರಿನಲ್ಲಿ ಒಳಗೆ ಹೋಗುತ್ತವೆ. ಹಿಂದಕ್ಕೆ ಬರುವ ಲಾರಿ, ಎದುರಿಗೆ ಕೈಗಾಡಿ, ನಡುವೆ ಸ್ಕೂಟರಿನಲ್ಲಿ ಯೂನಿಫಾರ್ಮಿನ ಇಬ್ಬರು ಮಕ್ಕಳನ್ನು ಕೂರಿಸಿಕೊಂಡ ತಾಯಿ. ಅವಳು ಆ ಸಂದಿಯಲ್ಲಿ ನುಗ್ಗಿ ಪಾರಾಗುವುದನ್ನು ನೋಡಿದವರು ಇದು ಫ್ಯಾಮಿಲಿ ಏರಿಯಾ ಅಲ್ಲವೆಂದು ಹೇಗೆ ಹೇಳಿಯಾರು?

ಹಳೆ ಬಂದರಿನ ದಡದಲ್ಲಿ ಲಕ್ಷದ್ವೀಪಕ್ಕೆ ಹೊರಡುವ ಮರದ ಹಡಗುಗಳಿಗೆ, ಅಂದರೆ ಮಂಜಿಗಳಿಗೆ, ಸಾಮಾನು ತುಂಬುವುದನ್ನು ಸ್ಥಳಾಂತರದ ವಿದ್ಯಾರ್ಥಿಗಳು ತಪ್ಪಿಸಿಕೊಳ್ಳಬಾರದು. ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ. ಮನೆಯೇ ಬಿಡಿಬಿಡಿಯಾಗಿ ಹಡಗು ಹತ್ತುತ್ತದೆ. ಪ್ಯಾಕರ್ಸ್ ಅಂಡ್ ಮೂವರ್ಸ್‌ನವರು ಸೋಫಾದ ಕಾಲು ಮುರಿದರೆಂದು ದುಃಖಿಸುವವರು, ದ್ವೀಪದಲ್ಲಿ ಗೋಡೆ ಎಬ್ಬಿಸಲು ಜಲ್ಲಿಯನ್ನೂ ಕಡಲು ದಾಟಿಸಬೇಕಾದವರ ಎದುರು ಒಂದು ಗಳಿಗೆ ನಿಂತರೆ ಸಾಕು. 1970ರ ದಶಕದಲ್ಲಿ ಪಣಂಬೂರಿನ ನವಮಂಗಳೂರು ಬಂದರು ದೊಡ್ಡ ಹಡಗುಗಳನ್ನೆಲ್ಲ ತನ್ನತ್ತ ಸೆಳೆದುಕೊಂಡ ಮೇಲೆ ಇಲ್ಲಿ ಉಳಿದದ್ದು ಈ ಮಂಜಿಗಳು, ಮೀನಿನ ಬೋಟುಗಳು, ಮತ್ತು ಬೆಂಗ್ರೆಯ ದೋಣಿ.

ಬೆಂಗ್ರೆಯ ದೋಣಿಗೆ ಶಾಲಾ ಸಾರಿಗೆಯ ಅಧ್ಯಾಯದಲ್ಲಿ ಜಾಗ. ನದಿಯ ಆಚೆಯ ಮರಳು ದಿಬ್ಬದಿಂದ ನಗರಕ್ಕೆ ರಸ್ತೆಯಲ್ಲಿ ಬರಬೇಕಾದರೆ ಕೂಳೂರು ಸುತ್ತಬೇಕು. ದೋಣಿಯಲ್ಲಿ ಕೆಲವೇ ನಿಮಿಷ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಹೋಮ್‌ವರ್ಕ್ ಮುಗಿಸಿ ಅಭ್ಯಾಸವಾದ ಮಕ್ಕಳಿಗೆ ಇದರಿಂದ ಶೈಕ್ಷಣಿಕ ನಷ್ಟವಾಗುವ ಸಂಭವವಿದೆ.

ಉಳಿದ ಷರತ್ತುಗಳನ್ನು ಬೇಗ ಮುಗಿಸಬಹುದು. ಆಸ್ಪತ್ರೆ: 1848ರಿಂದ ಇರುವ ವೆನ್ಲಾಕ್, ಹೆರಿಗೆಗೆ ಲೇಡಿ ಗೋಷನ್. ಶಾಲೆ: ರೊಸಾರಿಯೊ, ಬದ್ರಿಯಾ, ಗಣಪತಿ, ಸ್ವಲ್ಪ ಆಚೆ ಕೆನರಾ. ಬಸ್ಸು: ಸ್ಟೇಟ್ ಬ್ಯಾಂಕ್ ಬಳಿ ಊರಿನ ಸಿಟಿ ಬಸ್ಸುಗಳೆಲ್ಲ ಬಂದು ಕೂಗುತ್ತವೆ. ಆಟದ ಬಯಲು: ನೆಹರೂ ಮೈದಾನ. ಮಕ್ಕಳು ಅತ್ತರೆ 1975ರಿಂದ ಐಡಿಯಲ್‌ನ ಐಸ್‌ಕ್ರೀಮ್. ಇಷ್ಟನ್ನೂ ಕಾಲ್ನಡಿಗೆಯಲ್ಲಿ ಮುಗಿಸಬಹುದಾದ ಜಾಗ ಯಾವುದೆಂದು ಹೆಸರು ಹೇಳದೆ ಕೇಳಿದರೆ ಬ್ರೋಕರಿನ ಮುಖ ಅರಳುತ್ತದೆ. ಹೆಸರು ಹೇಳಿದೊಡನೆ ಲಾರಿ ನೆನಪಾಗುತ್ತದೆ, ಮೀನು ನೆನಪಾಗುತ್ತದೆ, ಮೂರನೆಯದನ್ನು ಅವನು ದನಿ ತಗ್ಗಿಸಿ ಹೇಳುತ್ತಾನೆ: “ನಿಮ್ಮವರು ಅಲ್ಲಿ ಕಮ್ಮಿ.” ಫ್ಯಾಮಿಲಿ ಏರಿಯಾ ಎಂಬುದರ ಲಕ್ಷಣ ನೈಯಾಯಿಕರಿಗೆ ಇಷ್ಟು ದಿನ ಸಿಗದಿದ್ದದ್ದು ಇದನ್ನು ಯಾರೂ ಬರೆದಿಡುವುದಿಲ್ಲವಾದ್ದರಿಂದ. ಅಶು ಮತ್ತು ಬೆನ್ ಯಿಜುವಿಗೆ ಯಾವ ಏರಿಯಾದಲ್ಲಿ ‘ನಿಮ್ಮವರು’ ಸಿಗುತ್ತಿದ್ದರೋ ಕೇಳಬೇಕು.

ಪ್ರತಿಪಕ್ಷದ ಒಂದು ವಾದವನ್ನು ಮಾತ್ರ ಸಿದ್ಧಾಂತ ಸುಲಭವಾಗಿ ಖಂಡಿಸಲಾರದು. ಬಂದರಿನ ಹಳೆ ಮನೆತನಗಳ ಮಕ್ಕಳೇ ಗಲ್ಫ್ ದುಡ್ಡು ಸೇರಿದೊಡನೆ ಫಳ್ನೀರ್, ಕಂಕನಾಡಿ ಕಡೆಯ ಫ್ಲ್ಯಾಟುಗಳಿಗೆ ಹತ್ತಿದ್ದಾರೆ. ಹಂಚಿನ ಮಾಡಿನ ಮನೆಗಳ ಕೆಳಗೆ ಗೋಡೌನು, ಮೇಲೆ ಬೀಗ. ಗಾಡಿ ನಿಲ್ಲಿಸಲು ಜಾಗವಿಲ್ಲ ಎಂಬುದು ಅವರ ಕಾರಣ. ಮಾನ್ಯಮಾಡಬೇಕಾದ ಕಾರಣ.

ಕೊನೆಗೆ ಮನೆ ನೋಡುವ ಮುಹೂರ್ತ. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಿಷೇಧ. ಮಳೆಗಾಲವೆಂದು ಮಂಜಿಗಳೂ ಆಗ ದಡದಲ್ಲೇ. ಏಲಂ ಇಲ್ಲ, ವಾಸನೆ ತೊಳೆದುಹೋಗಿರುತ್ತದೆ, ಬೀದಿಯಲ್ಲಿ ಮಳೆಯದೇ ಸದ್ದು. ಮನೆಯ ಯಜಮಾನರು ಬಾಗಿಲು ತೆರೆದು ತೋರಿಸಲು ಇಷ್ಟಪಡುವ ತಿಂಗಳುಗಳೂ ಇವೇ. ಜುಲೈಯಲ್ಲಿ ನೋಡಿ ಮೆಚ್ಚಿ ಅಡ್ವಾನ್ಸ್ ಕೊಟ್ಟು, ಆಗಸ್ಟಿನಲ್ಲಿ ಹಾಲು ಉಕ್ಕಿಸಿದವರ ಅಹವಾಲುಗಳು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.