ಏರಿಯಲ್ ಭಾವ

ಭಾನುವಾರ ಬೆಳಿಗ್ಗೆ ಗೌರಿಬಿದನೂರು ಬಸ್ ಸ್ಟ್ಯಾಂಡಿನಲ್ಲಿ ಹಣೆತುಂಬ ವಿಭೂತಿ ಇಟ್ಟುಕೊಂಡು, ಹೆಗಲಿಗೆ ಮೀನು ಹಿಡಿಯುವ ಗಾಳದ ಕೋಲು ಆನಿಸಿಕೊಂಡು ನಿಂತ ಅರವತ್ತು ದಾಟಿದ ಗಂಡಸು ಕಂಡರೆ ಅವರು ನಮ್ಮ ಭಾವ. ಉತ್ತರ ಪಿನಾಕಿನಿಯಲ್ಲಿ ಮರಳು ಬಿಟ್ಟು ಇನ್ನೇನೂ ಹರಿಯದ ಬೇಸಿಗೆಯಲ್ಲೂ ಆ ಕೋಲು ಅವರ ಹೆಗಲ ಮೇಲೆ ಇದ್ದೇ ಇರುತ್ತದೆ. “ಯಾವ ಕೆರೆ ಸಾರ್?” ಅನ್ನುತ್ತಾನೆ ಕಂಡಕ್ಟರು. “ಕೆರೆಯಲ್ಲಪ್ಪ, ಗುಡ್ಡ” ಅನ್ನುತ್ತಾರೆ ಭಾವ. ಕಂಡಕ್ಟರು ಒಮ್ಮೆ ಕೋಲು ನೋಡಿ, ಒಮ್ಮೆ ವಿಭೂತಿ ನೋಡಿ, ಚಿಲ್ಲರೆ ಹುಡುಕುವ ನೆಪದಲ್ಲಿ ಮುಂದಕ್ಕೆ ಹೋಗಿಬಿಡುತ್ತಾನೆ.

ಕೋಲಿನ ವಿಷಯದಲ್ಲಿ ನಮ್ಮ ಅಕ್ಕನ ಸಂಕಟವೇ ಬೇರೆ. “ಬೀದಿಯವರೆಲ್ಲ ಇವರು ಮೀನು ತಿನ್ನೋದು ಕಲಿತರು ಅಂದ್ಕೊಂಡಿದಾರೆ ಕಣೋ. ಏಕಾದಶಿ ದಿವಸಾನೂ ಎತ್ಕೊಂಡು ಹೊರಟುಬಿಡ್ತಾರೆ.”

ಕೋಲು ಮಡಿಸಿದರೆ ಎರಡು ಮೊಳ, ಎಳೆದರೆ ಆರೇಳು ಮೀಟರ್. ತುದಿಗೆ ಹುಳುವಿನ ಬದಲು ತಾಮ್ರದ ತಂತಿ. ತಂತಿಯ ಕೆಳತುದಿ ಟಿಫನ್ ಡಬ್ಬಿಯಷ್ಟು ದೊಡ್ಡದಾದ ರೇಡಿಯೋಗೆ ಸೇರುತ್ತದೆ. ಶಕ್ತಿ 5 ವ್ಯಾಟ್, ದೇವರ ಮನೆಯ ಝೀರೋ ಬಲ್ಬಿಗೂ ಸಾಲದು. ಇಷ್ಟನ್ನೇ ಇಟ್ಟುಕೊಂಡು ಭಾವ ಗುಡ್ಡದ ನೆತ್ತಿಯಿಂದ ರಷ್ಯಾದವರ ಜೊತೆ ಮಾತಾಡುತ್ತಾರೆ. ಇವರನ್ನು ಹ್ಯಾಮ್ ಅನ್ನುತ್ತಾರೆ. ಕೇಂದ್ರ ಸರ್ಕಾರ ಪರೀಕ್ಷೆ ಮಾಡಿ ಲೈಸೆನ್ಸು ಕೊಡುತ್ತದೆ, ಹೆಸರಿನ ಬದಲು ‘ವಿಯು’ ಅಂತ ಶುರುವಾಗುವ ಕರೆಗುರುತು ಕೊಡುತ್ತದೆ. ರಾಜೀವ್ ಗಾಂಧಿಗೂ ಅದು ಇತ್ತು ಎಂಬುದನ್ನು ಭಾವ ಮೊದಲ ಭೇಟಿಯಲ್ಲೇ ಹೇಳುತ್ತಾರೆ. ಅಕ್ಕ ಖರ್ಚಿನ ಮಾತೆತ್ತಿದ ದಿನ 2004ರ ಸುನಾಮಿ ಬರುತ್ತದೆ: ಅಂಡಮಾನಿನಲ್ಲಿ ಫೋನೆಲ್ಲ ಸತ್ತಾಗ ಸುದ್ದಿ ದಾಟಿಸಿದವರು ಹ್ಯಾಮ್‌ಗಳು. ಅದು ನಿಜವೇ. ಆದರೆ ಅಕ್ಕ ಕೇಳಿದ್ದು ಗ್ಯಾಸ್ ಸಿಲಿಂಡರ್ ಬುಕ್ ಮಾಡಿದಿರಾ ಅಂತ.

ಕೈಗಡಿಯಾರ ಬೇರೆ. ಜಗತ್ತಿನ ಹ್ಯಾಮ್‌ಗಳೆಲ್ಲ ಯುಟಿಸಿ ಎಂಬ ಒಂದೇ ಗಂಟೆಯಲ್ಲಿ ಲೆಕ್ಕ ಬರೆಯುತ್ತಾರಂತೆ. ನಮಗಿಂತ ಐದೂವರೆ ತಾಸು ಹಿಂದೆ. ಭಾವನ ಗಡಿಯಾರ ಖಾಯಂ ಅದರಲ್ಲೇ. ಒಮ್ಮೆ ನಮ್ಮ ಮನೆ ಗೃಹಪ್ರವೇಶಕ್ಕೆ ಹೊರಟಾಗ ರಾಹುಕಾಲವನ್ನೂ ಯುಟಿಸಿಗೆ ತಿರುಗಿಸಿ, ಕೂಡುವ ಕಡೆ ಕಳೆದು, ಎಲ್ಲರೂ ಊಟ ಮುಗಿಸಿ ಎಲೆ ಎತ್ತಿದ ಮೇಲೆ ಬಂದರು.

ಇದಕ್ಕೆಲ್ಲ ಮೂಲ ಒಂದು ಬಾಣಂತನ. ಲೈಸೆನ್ಸು ಮೂವತ್ತು ವರ್ಷದ ಹಿಂದಿನದು. ಅದೂ ರೇಡಿಯೋನೂ ಅಟ್ಟದ ಮೇಲೆ ಈರುಳ್ಳಿ ಮೂಟೆಯ ಪಕ್ಕ ಮಲಗಿದ್ದವು. ಅಷ್ಟರಲ್ಲಿ ಎಡಿನ್‌ಬರೋದಲ್ಲಿರುವ ಮಗಳಿಗೆ ಹೆರಿಗೆ ಅಂತ ಇಬ್ಬರೂ ಆರು ತಿಂಗಳಿಗೆ ಹೋದರು. ಅಕ್ಕನ ಪೆಟ್ಟಿಗೆಯಲ್ಲಿ ಅಂಟಿನುಂಡೆ, ಓಮ, ಬಜೆ, ಮೆಣಸಿನ ಪುಡಿ. ಭಾವನ ಪೆಟ್ಟಿಗೆಯಲ್ಲಿ ಎರಡು ಮಂಕಿ ಕ್ಯಾಪು. ಬಾಣಂತನದ ಮನೆಯಲ್ಲಿ ರಿಟೈರಾದ ಸೈನ್ಸ್ ಮೇಷ್ಟರಿಗೆ ಏನು ಕೆಲಸ? ಮಗು ಅತ್ತರೆ “ಅಳ್ತಾ ಇದೆ” ಅಂತ ತಿಳಿಸುವುದು. ಮೂರನೇ ವಾರಕ್ಕೆ ಮಗಳೇ ಕೈಮುಗಿದು, “ಅಪ್ಪಾ, ಹೊರಗೆ ಸುತ್ತಾಡಿ ಬನ್ನಿ” ಅಂದಳು.

ಸುತ್ತಾಡುತ್ತ ಪೆಂಟ್‌ಲ್ಯಾಂಡ್ ಬೆಟ್ಟಸಾಲು ಸೇರಿದರು. ಅದರಲ್ಲಿ ಎತ್ತರದ್ದು ಸ್ಕಾಲ್ಡ್ ಲಾ, 579 ಮೀಟರ್. ನೆತ್ತಿಯ ಮೇಲೆ ಅಡ್ಡಮಳೆ. ಒದ್ದೆ ಕುರಿಗಳ ನಡುವೆ ಇಬ್ಬರು ಮುದುಕರು ಗಾಳದ ಕೋಲು ನೆಟ್ಟುಕೊಂಡು ಯಾರನ್ನೋ ಕೂಗುತ್ತ ಕೂತಿದ್ದರು. ಭಾವ ಹೋಗಿ ಪಕ್ಕದಲ್ಲಿ ಕುಕ್ಕರಿಸಿದರು. ಲೈಸೆನ್ಸು ಅಟ್ಟದ ಮೇಲಿದ್ದದ್ದರಿಂದ ಮಾತಾಡುವ ಹಾಗಿಲ್ಲ. ಗಾಳಿಗೆ ಕೋಲು ಬೀಳದಂತೆ ಹಿಡಿದುಕೊಳ್ಳುವ ಕೆಲಸ ಸಿಕ್ಕಿತು. ಉಳಿದ ಐದು ತಿಂಗಳೂ ಹಿಡಿದುಕೊಂಡೇ ಕಳೆದರು.

ಆ ದೇಶದವರಿಗೆ ಬೆಟ್ಟ ಎಣಿಸುವ ಚಟವಂತೆ. ಸರ್ ಹ್ಯೂ ಮನ್ರೋ ಎಂಬಾತ ಸ್ಕಾಟ್ಲೆಂಡಿನಲ್ಲಿ ಮೂರು ಸಾವಿರ ಅಡಿ ಮೀರಿದ ಬೆಟ್ಟಗಳ ಪಟ್ಟಿಯನ್ನು 1891ರಲ್ಲಿ ಮಾಡಿಟ್ಟ. ಈಗಿನ ಲೆಕ್ಕಕ್ಕೆ ಅವು 282. ನಾವು ಹನ್ನೆರಡು ಜ್ಯೋತಿರ್ಲಿಂಗ ಅಂತ ತಿರುಗುವ ಹಾಗೆ ಅವರು ಒಂದೊಂದೇ ಮನ್ರೋ ಹತ್ತಿ ಗುರುತು ಹಾಕಿಕೊಳ್ಳುತ್ತಾರೆ. ಆಮೇಲಿನವರು, ಎತ್ತರ ಎಷ್ಟಾದರೂ ಇರಲಿ, ಸುತ್ತಲ ನೆಲದಿಂದ 150 ಮೀಟರ್ ತಲೆಯೆತ್ತಿ ನಿಂತವನ್ನೆಲ್ಲ ಸೇರಿಸಿ ಇನ್ನೊಂದು ಪಟ್ಟಿ ಮಾಡಿದರು. ಮನ್ರೋ ಇದ್ದ ಮೇಲೆ ಮರ್ಲಿನ್ ಬೇಡವೇ ಎಂದು ಅವಕ್ಕೆ ಮರ್ಲಿನ್ ಅಂತಲೇ ಹೆಸರಿಟ್ಟರು. ಇದು ಗೊತ್ತಿಲ್ಲದ ನನಗೆ ಒಂದು ರಾತ್ರಿ ಭಾವನ ಫೋನು: “ಈ ವಾರ ಎರಡು ಮರ್ಲಿನ್ ಆಯ್ತು ಕಣಯ್ಯ. ಮಳೇಲಿ ಸುಸ್ತಾಗಿ ಹೋಯ್ತು.” ಸ್ಪೀಕರ್ ಹಾಕಿತ್ತು. ನನ್ನ ಹೆಂಡತಿ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿದಳು.

2002ರ ಮಾರ್ಚಿನಲ್ಲಿ ಬ್ರಿಟನ್ನಿನ ಹ್ಯಾಮ್‌ಗಳು ಬೆಟ್ಟದ ಹುಚ್ಚಿಗೆ ರೇಡಿಯೋ ಹುಚ್ಚನ್ನು ಗಂಟುಹಾಕಿ ‘ಸಮಿಟ್ಸ್ ಆನ್ ದಿ ಏರ್’ ಅಂತ ಶುರುಮಾಡಿದರು. ಚಿಕ್ಕದಾಗಿ ಸೋಟಾ. ಅಕ್ಕನ ಬಾಯಲ್ಲಿ ಸೊಟ್ಟ. ಮಡಿಯ ನಿಯಮಗಳೂ ಇದರ ಮುಂದೆ ಸಡಿಲ. ನೆತ್ತಿಗೆ ಸ್ವಂತ ಕಾಲಿನಲ್ಲೇ ಹೋಗಬೇಕು. ಸಾಮಾನೆಲ್ಲ ಹೊತ್ತುಕೊಂಡೇ ಹತ್ತಬೇಕು. ಜನರೇಟರ್ ಕೂಡದು. ತುದಿಯಿಂದ 25 ಮೀಟರ್ ಇಳಿತದೊಳಗೇ ಕೂತು ಮಾತಾಡಬೇಕು. ಅಂಕ ಬೇಕಾದರೆ ಕನಿಷ್ಠ ನಾಲ್ವರು ಸಿಗಬೇಕು. ಮೂವರಾದರೆ ಹತ್ತಿದ್ದೆಲ್ಲ ವ್ಯಾಯಾಮ. ಬೆಟ್ಟಕ್ಕೆ ಒಂದರಿಂದ ಹತ್ತು ಅಂಕ, ಅದೂ ಒಂದು ಬೆಟ್ಟಕ್ಕೆ ವರ್ಷದಲ್ಲಿ ಒಂದೇ ಸಲ. ಸಾವಿರ ಅಂಕವಾದರೆ ‘ಮೌಂಟನ್ ಗೋಟ್’, ಬೆಟ್ಟದ ಮೇಕೆ, ಎಂಬ ಬಿರುದು. ಮನೆಯಲ್ಲೇ ಕೂತು ಇಂಥ ಮೇಕೆಗಳನ್ನು ರೇಡಿಯೋದಲ್ಲಿ ಬೇಟೆಯಾಡಿ ಸಾವಿರ ಮಾಡುವವರಿಗೂ ಬಿರುದಿದೆ, ಸೋಮಾರಿ ಪ್ರಾಣಿ ಸ್ಲಾತ್‌ನ ಹೆಸರಿನಲ್ಲಿ. ನಮ್ಮ ಕಡೆ ಅದಕ್ಕೆ ಅರ್ಹರು ಬೇಕಾದಷ್ಟಿದ್ದಾರೆ, ರೇಡಿಯೋ ಒಂದಿಲ್ಲ.

ಊರಿಗೆ ಬಂದ ಭಾವ ಸೀಮೆಯ ಗುಡ್ಡಗಳಿಗೆಲ್ಲ ತಾವೇ ಕೂತು ಅಂಕ ಹಾಕಿದರು. ಸ್ಕಂದಗಿರಿ, ಆವಲಬೆಟ್ಟ, ಗುಡಿಬಂಡೆ, ಅಂಬಾಜಿದುರ್ಗ, ಎಲ್ಲ ಒಂದು ನೂರು ಹಾಳೆ ನೋಟ್ ಬುಕ್ಕಿನಲ್ಲಿ. ನಿಯಮ ಸ್ಕಾಟ್ಲೆಂಡಿನದು, ಮಾರ್ಕ್ಸು ಗೌರಿಬಿದನೂರಿನದು. ಮೇಷ್ಟ್ರ ಕೈ ಸುಮ್ಮನಿರುತ್ತದೆಯೇ?

ಮೊದಲ ದಂಡಯಾತ್ರೆ ನಂದಿಗೆ. “ಬ್ರಿಟನ್ನಿಗೆಲ್ಲ ದೊಡ್ಡದು ಬೆನ್ ನೆವಿಸ್, 1345 ಮೀಟರ್. ನಮ್ಮ ನಂದಿ 1478!” ಅಂತ ಬಸ್ಸಿನಲ್ಲಿ ಪಕ್ಕದವನ ತೊಡೆ ತಟ್ಟಿ ಹೇಳಿದರು. ಬೆನ್ ನೆವಿಸ್ ಸಮುದ್ರದ ಪಕ್ಕದಿಂದ ಎದ್ದದ್ದು, ನಾವು ಚಿಕ್ಕಬಳ್ಳಾಪುರದಲ್ಲಿ ಬಸ್ಸು ಹತ್ತುವಾಗಲೇ ಒಂಬೈನೂರು ಮೀಟರಿನ ಮೇಲಿರುತ್ತೇವೆ ಎಂಬುದನ್ನು ಸೈನ್ಸ್ ಮೇಷ್ಟ್ರು ಆವತ್ತು ನೆನೆಯಲಿಲ್ಲ. ತೊಂದರೆ ಬಂದದ್ದು ಮೇಲೆ. ಬಸ್ಸು ತಂದು ಮೇಲೇ ಇಳಿಸಿದ್ದರಿಂದ ಸ್ವಂತ ಕಾಲಿನ ನಿಯಮ ಮುರಿಯಿತು. ಭಾವ ಯೋಚಿಸಿದರು. ಹನ್ನೊಂದು ಕೆ.ಜಿ. ಚೀಲ, ಕೋಲು ಸಮೇತ ಹಿಂದಕ್ಕೆ ತಿರುಗಿ 25 ಮೀಟರಿಗೆ ಒಂದಿಷ್ಟು ಹೆಚ್ಚೇ ಇಳಿದು, ಒಂದು ಬಂಡೆ ಮುಟ್ಟಿ, ಮತ್ತೆ ಏದುಸಿರು ಬಿಡುತ್ತ ಹತ್ತಿ ಬಂದರು. ಸ್ಕಾಟ್ಲೆಂಡಿನವರೂ ಹೀಗೆ ಮಾಡುತ್ತಾರಂತೆ. ಅಕ್ಕ ಕಲ್ಲುಬೆಂಚಿನ ಮೇಲೆ ಕೂತು ಚುರುಮುರಿ ತಿನ್ನುತ್ತಿದ್ದಳು. “ಏನು ಮರೆತು ಬಂದಿದ್ರಿ?” ಅಂದಳು.

ಕೋಲು ನಿಂತಿತು, ತಂತಿ ಏರಿತು. ಒಂದು ಕೋತಿ ಬಂದು ಭಾವನ ಎದುರು ಕೂತು ತಂತಿಯನ್ನು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ನೋಡಿತು. ರೇಡಿಯೋದಲ್ಲಿ ಸಿಕ್ಕ ಇಟಲಿಯವನೊಬ್ಬ ಭಾವನ ಕರೆಗುರುತಿನ ಕೊನೆಯ ಅಕ್ಷರ ಇನ್ನೊಮ್ಮೆ ಕೇಳಿದ ಹೊತ್ತಿಗೆ ಅದು ತಂತಿಯನ್ನು ಎಡಗೈಯಲ್ಲಿ ಹಿಡಿದು, ಜನಿವಾರ ಸರಿಮಾಡಿಕೊಳ್ಳುವಷ್ಟು ಮೆತ್ತಗೆ ಎಳೆಯಿತು. ಕೋಲು ಮೂರು ತುಂಡಾಗಿ ಒಂದರೊಳಗೊಂದು ಕುಸಿಯಿತು. ಇಟಲಿ ನಿಂತುಹೋಯಿತು. ಕೋತಿಗೆ ನಿರಾಶೆಯಾಗಿರಬೇಕು, ಚುರುಮುರಿಯ ಕಡೆ ತಿರುಗಿತು.

ಅಂದಿನಿಂದ ಭಾವ ಜನ ಬರದ ಗುಡ್ಡಗಳನ್ನೇ ಹುಡುಕತೊಡಗಿದರು. ಹಾಗೆ ಹೋದ ತಿಂಗಳು ವಿದುರಾಶ್ವತ್ಥಕ್ಕೆ ಹೊರಟೆವು. ಅಕ್ಕ ಪ್ರದಕ್ಷಿಣೆಗೆ, ಭಾವ ಗುಡ್ಡಕ್ಕೆ, ನಾನು ಬ್ಯಾಟರಿ ಹೊರುವುದಕ್ಕೆ.

ಗೌರಿಬಿದನೂರು ತಾಲ್ಲೂಕನ್ನು ನಾನು ಕಿವಿಗಳ ತಾಲ್ಲೂಕು ಅನ್ನುತ್ತೇನೆ. ಭಾಭಾ ಅಣುಸಂಶೋಧನಾ ಕೇಂದ್ರದವರು 1965ರಲ್ಲೇ ಇಲ್ಲಿ ನೆಲಕ್ಕೆ ಕಿವಿಯಿಟ್ಟರು. ಭೂಮಿಯ ಯಾವ ಮೂಲೆಯಲ್ಲಿ ಬಾಂಬು ಪರೀಕ್ಷೆ ನಡೆದರೂ ಆ ನಡುಕ ಇಲ್ಲಿ ಕೇಳಬೇಕೆಂದು. ಕೋಟಾಲದಿನ್ನೆಯ ಹತ್ತಿರ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಖಭೌತ ಸಂಸ್ಥೆಯವರು ಸಾವಿರ ಏರಿಯಲ್‌ಗಳನ್ನು ಇಂಗ್ಲಿಷಿನ ‘ಟಿ’ ಅಕ್ಷರದ ಹಾಗೆ ಹೊಲದಗಲ ನೆಟ್ಟು ಸೂರ್ಯನನ್ನೂ ನಕ್ಷತ್ರಗಳನ್ನೂ ಕೇಳಿಸಿಕೊಂಡರು. ಸಾವಿರ ಏರಿಯಲ್, ಒಂದೂ ತುಟಿಪಿಟಕ್ಕನ್ನುವುದಿಲ್ಲ. ನಮ್ಮ ಭಾವನದು ಒಂದೇ ಏರಿಯಲ್.

ಇನ್ನು ವಿದುರ. ಇಡೀ ಭಾರತದಲ್ಲಿ ಅಷ್ಟು ಒಳ್ಳೆಯ ಮಾತಾಡಿ ಅಷ್ಟು ಕಡಿಮೆ ಪ್ರಯೋಜನ ಕಂಡವನು ಇನ್ನೊಬ್ಬನಿಲ್ಲ. ನಿದ್ದೆ ಬಾರದ ಧೃತರಾಷ್ಟ್ರನ ಪಕ್ಕ ರಾತ್ರಿಯೆಲ್ಲ ಕೂತು ನೀತಿ ಹೇಳಿದ. ಕುರುಡ ದೊರೆಗೆ ಸಿಗ್ನಲ್ ಚೆನ್ನಾಗಿಯೇ ಸಿಕ್ಕಿತು. ಬೆಳಿಗ್ಗೆ ಎದ್ದು ಮಗ ಹೇಳಿದ್ದನ್ನೇ ಮಾಡಿದ. ಅಂಥವನು ಯುದ್ಧವೆಲ್ಲ ಮುಗಿದ ಮೇಲೆ ಬಂದು ನೆಟ್ಟ ಅಶ್ವತ್ಥ ಅಂತ ಇಲ್ಲಿಯ ಸ್ಥಳಪುರಾಣ. ಆ ಹಳೆಯ ಮರ 2001ರಲ್ಲಿ ಬಿತ್ತು. ಸುತ್ತ ನಾಗರಕಲ್ಲುಗಳು ಮಾತ್ರ ಒಂದರ ಹೆಗಲಿಗೊಂದು ತಾಗಿಕೊಂಡು ಎಣಿಕೆಗೆ ಸಿಗದಷ್ಟು ನಿಂತಿವೆ, ಅರಿಶಿನ ಕುಂಕುಮ ಮೆತ್ತಿಕೊಂಡು. ಭಾವ ಚಪ್ಪಲಿ ಬಿಟ್ಟು, ಕೈಮುಗಿದು, ತಲೆಯೆತ್ತಿ ಇರುವ ಮರಗಳ ಕೊಂಬೆ ಅಳೆಯುತ್ತಿದ್ದುದು ಅಕ್ಕನ ಕಣ್ಣಿಗೆ ಬಿತ್ತು. “ಅಶ್ವತ್ಥಕ್ಕೆ ತಂತಿ ಕಟ್ಟಿದ್ರೆ ನಾನು ತೌರಿಗೆ ಹೋಗ್ತೀನಿ” ಅಂದಳು. ತೌರು ಅಂದರೆ ನಮ್ಮನೆ. ನಾನೂ ಬಲವಾಗಿ ವಿರೋಧಿಸಿದೆ.

ಅಲ್ಲೇ ವೀರಸೌಧ. 1938ರ ಏಪ್ರಿಲ್ 25ರಂದು, ಬಾವುಟ ಹಾರಿಸಬಾರದು, ಭಾಷಣ ಮಾಡಬಾರದು ಎಂಬ ಆಜ್ಞೆ ಮೀರಿ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗ. ಅದರ ಮುಂದೆ ಭಾವ ಮಂಕಿ ಕ್ಯಾಪು ತೆಗೆದು ಸ್ವಲ್ಪ ಹೊತ್ತು ನಿಂತರು. ರೇಡಿಯೋ ಮಾತಿಲ್ಲ.

ಗುಡ್ಡ ಬೋಳು, ಬಂಡೆ, ಲಂಟಾನ. ಮೇಲೆ ಕೋಲು ನೆಟ್ಟು ಕಲ್ಲು ಪೇರಿಸುವಷ್ಟರಲ್ಲಿ ಮೇಕೆ ಕಾಯುವವನೊಬ್ಬ ಬಂದ. ಹಿಂದೆ ಇಪ್ಪತ್ತು ಮೇಕೆ.

“ಏಮ್ ಸಾರ್, ಸರ್ವೇನಾ?”

“ಅಲ್ಲಪ್ಪ.”

“ಕ್ರಷರಾ?”

“ಅಲ್ಲ.”

“ಟವರಾ?”

“ಅಲ್ಲವೋ.”

ಅವನು ಸುತ್ತ ನೋಡಿ, ಹತ್ತಿರ ಬಂದು, ದನಿ ತಗ್ಗಿಸಿದ. “ನಿಧಿನಾ?”

ಭಾವ ಮೇಷ್ಟ್ರಾಗಿ ಎಲ್ಲ ವಿವರಿಸಿದರು. ಅಯಾನುಗೋಲ, ಐದು ವ್ಯಾಟು, ನಾಲ್ವರು, ಅಂಕ, ಕೊನೆಗೆ ಬೆಟ್ಟದ ಮೇಕೆ. ಅವನು ಹಿಂದಕ್ಕೆ ತಿರುಗಿ ತನ್ನವನ್ನು ನೋಡಿದ. “ನಮ್ಮವು ದಿನಾ ಹತ್ತುತ್ತವೆ ಸಾರ್.”

“ವರ್ಷಕ್ಕೆ ಒಂದೇ ಸಲ ಲೆಕ್ಕಕ್ಕೆ ಬರೋದು.”

“ವರ್ಷಕ್ಕೊಂದು ಸಲ ಮೇದ್ರೆ ಮೇಕೆ ಬದುಕ್ತದಾ?”

ಇದಕ್ಕೆ ನಿಯಮಾವಳಿಯಲ್ಲಿ ಉತ್ತರವಿರಲಿಲ್ಲ. ಭಾವ ಹೆಡ್‌ಫೋನು ಏರಿಸಿ “ಸಿಕ್ಯೂ, ಸಿಕ್ಯೂ” ಅಂತ ಕೂಗತೊಡಗಿದರು. ಯಾರಾದರೂ ಇದ್ದೀರಾ, ಬನ್ನಿ, ಅಂತ ಅರ್ಥ. ಮನೆಯಲ್ಲಿ ಇದೇ ದನಿಯಲ್ಲಿ ಅಕ್ಕ ಮೂರು ಸಲ ಕೂಗಿದರೂ ಇವರು ಬರುವುದಿಲ್ಲ. ಇಪ್ಪತ್ತು ನಿಮಿಷಕ್ಕೆ ರಷ್ಯಾದವನೊಬ್ಬ ಸಿಕ್ಕಿದ. ಭಾವನ ಮುಖ ನೋಡಬೇಕಿತ್ತು, ಮೊಮ್ಮಗು ಹುಟ್ಟಿದ ದಿನವೂ ಅಷ್ಟು ಅರಳಿರಲಿಲ್ಲ.

“ಏನಂದ ಸಾರ್?” ಅಂದ ಮೇಕೆಯವನು.

“ಐವತ್ತೊಂಬತ್ತು ಅಂದ.” ಸದ್ದು ಸ್ಪಷ್ಟವಾಗಿದೆ ಅಂತ ಅದರ ಅರ್ಥ.

“ನೀವೇನಂದ್ರಿ?”

“ನಾನೂ ಐವತ್ತೊಂಬತ್ತು ಅಂದೆ.”

“ಆಮೇಲೆ?”

“ಅವನು ಎಪ್ಪತ್ತಮೂರು ಅಂದ.” ಇದು ನಮಸ್ಕಾರ ಇದ್ದ ಹಾಗೆ.

ಅವನಿಗೆ ವ್ಯಾಪಾರ ಅರ್ಥವಾಯಿತು. “ಚಿಂತಾಮಣಿ ಟೊಮೇಟೊ ಮಂಡೀಲೂ ಹಿಂಗೆ ಸಾರ್. ಆದ್ರೆ ಅಲ್ಲಿ ಇಷ್ಟು ಬೇಗ ಏರಲ್ಲ.”

ಆಮೇಲೆ ಇಂಡೋನೇಷ್ಯಾದವನೊಬ್ಬ, ಐವತ್ತೊಂಬತ್ತು. ಇಟಲಿಯವನೊಬ್ಬ, ಐವತ್ತೊಂಬತ್ತು. ಸಾವಿರಾರು ಮೈಲಿಯಾಚೆಯ ಮನುಷ್ಯನನ್ನು ಹಿಡಿದು ತಂದು, ನೀನು ಕೇಳಿಸುತ್ತಿದ್ದೀಯ, ನಾನು ಕೇಳಿಸುತ್ತಿದ್ದೇನಾ, ಸರಿ ಹೋಗಿ ಬಾ, ಅನ್ನುವುದಷ್ಟೇ. ಇದಕ್ಕೆ ಬೆಟ್ಟ ಹತ್ತಬೇಕೇ ಅಂತ ನಾನು ಮೊದಲು ನಗುತ್ತಿದ್ದೆ. ಆದರೆ ನಮ್ಮ ಬೀದಿಯ ಎಷ್ಟು ಮನೆಯಲ್ಲಿ ಅಷ್ಟಾದರೂ ನಡೆಯುತ್ತದೆ ಅಂತ ಲೆಕ್ಕ ಹಾಕಿ ನಗು ಕಡಿಮೆ ಮಾಡಿದ್ದೇನೆ.

ನಾಲ್ಕನೆಯವನು ಸಿಗಲಿಲ್ಲ. ಬಿಸಿಲು ಇಳಿಯಿತು, ಬ್ಯಾಟರಿ ಕೆಂಪು ದೀಪ ತೋರಿಸಿತು. ಭಾವ ಗಂಟಲು ಕಟ್ಟಿ, ಕೊಕ್ಕರೆಯ ಹಾಗೆ ಕೂಗುತ್ತಿದ್ದರು. ಮೇಕೆಯವನು ಅಷ್ಟರಲ್ಲಿ ತನ್ನ ಮೇಕೆ ಎಣಿಸಿ, ಇನ್ನೊಮ್ಮೆ ಎಣಿಸಿ, ಬಂಡೆಯ ತುದಿಗೆ ಹೋಗಿ ಬಾಯಿಗೆ ಎರಡು ಕೈ ಅಡ್ಡ ಹಿಡಿದ. “ಓ...ಹೋ...”

ಎದುರು ಗುಡ್ಡದಿಂದ, ಮನುಷ್ಯ ಕಾಣಲಿಲ್ಲ, ದನಿ ಬಂತು. “ಓ...”

ಇವನು ಎರಡು ಮಾತು ತೆಲುಗಿನಲ್ಲಿ, ಒಂದು ಕನ್ನಡದಲ್ಲಿ ಎಳೆದೆಳೆದು ಕೂಗಿದ. ಅತ್ತಲಿಂದ ಉದ್ದನೆಯ ಉತ್ತರ ಗಾಳಿಯ ಜೊತೆ ತೇಲಿ ಬಂತು. ಸೋಟಾದಲ್ಲಿ ನೆತ್ತಿಯಿಂದ ನೆತ್ತಿಗೆ ಸಿಕ್ಕುವ ಮಾತು ಅಂದರೆ ಮಹಾ ಭಾಗ್ಯ. ಭಾವನಿಗೆ ಇವತ್ತಿನ ತನಕ ಒಂದೂ ಸಿಕ್ಕಿಲ್ಲ. ಅವರು ಹೆಡ್‌ಫೋನು ಕೆಳಗಿಟ್ಟರು.

“ಏನಂದ?”

“ಒಂದು ಮರಿ ಆ ಕಡೆ ಹೋಗಿದ್ಯಂತೆ ಸಾರ್. ಕತ್ತಲಾಗೋದ್ರೊಳಗೆ ಹೊಡ್ಕೊಂಡು ಬರ್ತಾನೆ. ಅವನ ಹೆಂಡ್ತಿಗೆ ಜ್ವರ ಬಿಡ್ತಂತೆ, ಇವತ್ತು ಮುದ್ದೆ ಉಂಡ್ಲಂತೆ.”

ಭಾವ ನೋಟ್ ಬುಕ್ಕು ತೆರೆದು, ಪೆನ್ಸಿಲ್ ಹಿಡಿದು, ನಾಲ್ಕನೇ ಸಾಲಿನ ಮೇಲೆ ಸ್ವಲ್ಪ ಹೊತ್ತು ಕೈ ನಿಲ್ಲಿಸಿದರು.

“ಟೈಮೆಷ್ಟಯ್ಯ?”

“ಐದು ಮುಕ್ಕಾಲು.”

“ಹನ್ನೆರಡೂ ಕಾಲು,” ಅಂತ ಬರೆದುಕೊಂಡು, ಪಕ್ಕದ ಕರೆಗುರುತಿನ ಜಾಗ ಖಾಲಿ ಬಿಟ್ಟು, ಕೋಲು ಮಡಿಸತೊಡಗಿದರು.